ಸೊಳ್ಳೆ ಸಾಹೇಬನಿಗೆ ಒಂದು ತಂಬಿಗೆ ನೀರು

ನಾನು ಚಿಕ್ಕವಳಿದ್ದಾಗ ಎಲ್ಲ ಚೆಂದ ಇತ್ತು ಅಂತ ನಾನು ಹೇಳುವವಳಲ್ಲ. ಚಳಿಜ್ವರ ಇತ್ತು. ಹಳಿಯಾಳದಿಂದ ತೇರಗಾಂವಕ್ಕೆ ಹೋಗುವ ದಾರಿ ಬಿಟ್ಟು ಒಳಗೆ ನಡೆದರೆ, ಕಾಡಿನ ಅಂಚಿಗೆ ಹತ್ತಿಪ್ಪತ್ತು ಮನೆಗಳ ನಮ್ಮ ಹಳ್ಳಿ. ಮನೆಗೊಬ್ಬರಾದರೂ ಕೌದಿ ಹೊದ್ದು ನಡುಗುತ್ತ ಬಿದ್ದಿರುತ್ತಿದ್ದರು. ಆ ವರ್ಷ ನಮ್ಮ ಮನೆಯಲ್ಲಿ ಅಕ್ಕನ ಪಾಳಿ.

ಅಕ್ಕನಿಗೆ ಜ್ವರ ದಿನ ಬಿಟ್ಟು ದಿನ ಬರುತ್ತಿತ್ತು, ಮಧ್ಯಾಹ್ನ ಉಂಡು ಕೈ ತೊಳೆಯುವ ಹೊತ್ತಿಗೆ ಸರಿಯಾಗಿ. ಮೊದಲು ಉಗುರು ನೀಲಿಯಾಗುತ್ತಿದ್ದವು. ಆಮೇಲೆ ಹಲ್ಲು ಕಟಕಟ. ಮೂರು ಕೌದಿ ಹೊದಿಸಿ ಮೇಲೆ ನಾನು ಕೂತರೂ ಅವಳ ಜೊತೆ ನಾನೂ ಅಲುಗಾಡುತ್ತಿದ್ದೆ. ಆಮೇಲೆ ಮೈ ಕಾದ ಹಂಚು. ಆಮೇಲೆ ಬೆವರು ಹರಿದು ಕೌದಿಗೆಲ್ಲ ಹುಳಿ ವಾಸನೆ. ಮರುದಿನ ಏನೂ ಆಗಿಲ್ಲದವಳಂತೆ ಎದ್ದು ಸೆಗಣಿ ಬಳಿಯಲು ಹೋಗುತ್ತಿದ್ದಳು, ಆದರೆ ಪ್ರತಿ ಸಲ ಇಷ್ಟಿಷ್ಟೇ ಸಣ್ಣಗಾಗಿ. ಹಿಂದಿನ ಮಳೆಗಾಲದಲ್ಲಿ ಪಕ್ಕದ ಮನೆಯ ಸೊಸೆ ಹೀಗೇ ಸಣ್ಣಗಾಗುತ್ತ ಹೋಗಿ ಒಂದು ದಿನ ಏಳಲೇ ಇಲ್ಲ. ಅದನ್ನು ಎಲ್ಲರೂ ನೋಡಿದ್ದರು. ನೋಡಿಯೂ ಸುಮ್ಮನಿದ್ದರು. ಅದಕ್ಕೇ ನನಗೆ ಸಿಟ್ಟು.

ಮಳೆ ಹಿಂದಾದ ಮೇಲೆ ಒಂದು ಸುದ್ದಿ ಬಂತು, ಸೊಳ್ಳೆ ಹುಡುಕುವ ಸಾಹೇಬ ಬರುತ್ತಾನಂತೆ. ಯಾವ ಊರಲ್ಲಿ ಯಾವ ಜಾತಿಯ ಸೊಳ್ಳೆ ಇದೆ, ಎಂಥ ನೀರಿನಲ್ಲಿ ಮರಿ ಮಾಡುತ್ತದೆ ಅಂತ ನೋಡಿ ಬರೆದುಕೊಂಡು ಹೋಗುತ್ತಾನಂತೆ. ಚಳಿಜ್ವರದ ಸೊಳ್ಳೆ ಇದೆ ಅಂತ ಬರೆದ ಊರಿಗೆ ಔಷಧಿ ಹೊಡೆಯುವವರು ಬರುತ್ತಾರಂತೆ. ನಮ್ಮ ಕಡೆ ಸೊಳ್ಳೆಗೆ ಗುಂಗಾಡ ಅನ್ನುತ್ತಾರೆ. "ನಮ್ಮ ಜಾತಿ ಬರಕೊಂಡಿದ್ದು ಸಾಲಲಿಲ್ಲ ಅಂತ ಗುಂಗಾಡದ ಜಾತಿ ಕೇಳಾಕ ಹೊಂಟಾರ" ಅಂತ ಅವ್ವ ನಕ್ಕಳು.

ಈಗ ನಮ್ಮೂರವರು ಮಾಡಿದ್ದು ಕೇಳಿರಿ. ಸರಕಾರದವರು ಬರುತ್ತಾರೆ ಅಂದರೆ ಊರು ಸ್ವಚ್ಛ ಕಾಣಬೇಕು, ಅಷ್ಟೇ ಅವರ ತಲೆಯಲ್ಲಿ ಇದ್ದದ್ದು. ಹಿಂದಿನ ದಿನವೇ ದನದ ಬಾನಿಯ ನೀರು ಚೆಲ್ಲಿದರು. ಅಂಗಳದ ಒರಳಿನಲ್ಲಿ ನಿಂತ ಮಳೆನೀರು ಬಳಿದು ತೆಗೆದರು. ಒಡಕು ಗಡಿಗೆಗಳನ್ನು ಬೋರಲು ಹಾಕಿದರು, ಬಚ್ಚಲ ಗುಂಡಿಗೆ ಮಣ್ಣು ಎಳೆದರು. ಬೆಳಿಗ್ಗೆ ಮನೆ ಮನೆಯಲ್ಲೂ ಬೇವಿನ ಸೊಪ್ಪಿನ ಹೊಗೆ. ಮನೆಯೊಳಗಿನ ಕೊಡ, ಹಂಡೆ ಕೂಡ ಬರಿದು ಮಾಡಿ ಬೂದಿ ಹಚ್ಚಿ ತಿಕ್ಕಿ ಇಟ್ಟರು. ವರ್ಷವೆಲ್ಲ ಬೇಡವಾಗಿದ್ದ ಕೆಲಸ ಒಂದೇ ದಿನದಲ್ಲಿ ಮುಗಿಯಿತು. ಹುಡುಕಲು ಬರುವವನಿಗೆ ಸಿಗಬಾರದು ಅಂತ ಇಷ್ಟು ದುಡಿದ ಜನರನ್ನು ನಾನು ಮತ್ತೆಲ್ಲೂ ನೋಡಿಲ್ಲ.

ನಮ್ಮ ಮನೆಯಲ್ಲಿ ಅಕ್ಕನನ್ನೂ ಮುಚ್ಚಿಟ್ಟರು. ಮುಂಡಗೋಡದ ಕಡೆಯ ಒಂದು ಸಂಬಂಧ ಕುದುರುತ್ತಿತ್ತು. ಹುಡುಗಿಗೆ ಜಡ್ಡು ಅಂತ ಅವರ ಕಿವಿಗೆ ಬೀಳಬಾರದು. ಅವತ್ತು ಅವಳ ಜ್ವರದ ದಿನ ಬೇರೆ. ಅಪ್ಪ ಅವಳನ್ನು ಹಿಂದಿನ ಕೋಣೆಯಲ್ಲಿ ಭತ್ತದ ಚೀಲಗಳ ಹಿಂದೆ ಮಲಗಿಸಿ, "ನರಳಬ್ಯಾಡ" ಅಂದ. ನನ್ನ ಕಡೆ ತಿರುಗಿ, "ನೀ ಬಾಯಿ ಬಿಚ್ಚಿದಿ ಅಂದ್ರ ನೋಡು ಮತ್ತ" ಅಂದ.

ಸಾಹೇಬ ಅಂದರೆ ಜೀಪು, ಬೂಟು ಅಂದುಕೊಂಡಿದ್ದೆವು. ಸೈಕಲ್ ಮೇಲೆ ಒಬ್ಬನೇ ಬಂದ, ಪ್ಯಾಂಟಿಗೆಲ್ಲ ಕೆಸರು. ಚೀಲದಿಂದ ಉದ್ದ ಹಿಡಿಕೆಯ ಬಿಳಿ ಸೌಟು ತೆಗೆದ. ಆಮೇಲೆ ರಬ್ಬರ್ ಕೊಳವೆ ಸಿಕ್ಕಿಸಿದ ಗಾಜಿನ ನಳಿಗೆ. ಗೋಡೆಯ ಮೇಲೆ ಕೂತ ಸೊಳ್ಳೆಯನ್ನು ಉಸಿರೆಳೆದು ಆ ನಳಿಗೆಯೊಳಗೆ ಹಿಡಿಯುವುದು ಅವನ ಕೆಲಸ. ಯಾವಾಗ ನುಂಗುತ್ತಾನೋ ಅಂತ ಹುಡುಗರೆಲ್ಲ ಬಾಯಿ ತೆರೆದು ನಿಂತೆವು. ಹೊಗೆ ಹಾಕಿದ ಮನೆಯಲ್ಲಿ ಹಿಡಿಯುವುದಕ್ಕೇ ಸೊಳ್ಳೆ ಇರಲಿಲ್ಲ, ನುಂಗುವುದೆಲ್ಲಿಂದ?

ಮನೆ ಮನೆ ಬಗ್ಗಿ ನೋಡಿದ. ಸೌಟು ಅದ್ದಲು ನೀರೇ ಇಲ್ಲ. ಕಡೆಗೆ ನಮ್ಮ ಹಿತ್ತಲಲ್ಲಿ, ಎಲ್ಲರ ಕಣ್ಣು ತಪ್ಪಿಸಿ ಉಳಿದಿದ್ದ ಒಂದು ತೆಂಗಿನ ಚಿಪ್ಪು ಸಿಕ್ಕಿತು. ಅದರ ನೀರನ್ನು ಸೌಟಿಗೆ ಸುರಿದು ಹುಡುಗರಿಗೆ ತೋರಿಸಿದ. "ಇವು ತಲಿ ಕೆಳಗ ಮಾಡಿ ಜೋತು ಬಿದ್ದಾವ ನೋಡ್ರಿ, ಇವು ಬ್ಯಾರೆ. ಚಳಿಜ್ವರದ್ದು ನೀರಿನ ಮ್ಯಾಲ ಅಡ್ಡ ಮಲಗತೈತಿ, ಕಡ್ಡಿ ತೇಲಿದಂಗ."

ಆ ಕಡ್ಡಿಗಳನ್ನು ನಾನು ದಿನಾ ಬೆಳಿಗ್ಗೆ ನೋಡುತ್ತಿದ್ದೆ. ಅವನಿಗೆ ಯಾರೂ ತೋರಿಸದ ಹಳ್ಳದ ದಂಡೆಯ ಒರತೆಯಲ್ಲಿ, ನಾವು ಕುಡಿಯುವ ನೀರಿನಲ್ಲಿ.

ಸಾಹೇಬ ಕಟ್ಟೆಯ ಮೇಲೆ ಕೂತು ಅಪ್ಪನನ್ನು ಕೇಳಿದ, "ಮನ್ಯಾಗ ಯಾರಿಗರ ಜ್ವರ?"

"ಯಾರಿಗೂ ಇಲ್ರಿ ಸಾಹೇಬ್ರ. ಗಟ್ಟಿ ಊರ್ರೀ ಇದು."

ಹಿಂದಿನ ಕೋಣೆಯಿಂದ ಕಟಕಟ ಸಣ್ಣಗೆ ಕೇಳಿಸಿತು. ಅವ್ವ ತಟ್ಟನೆ ಎದ್ದು ಪಾತ್ರೆ ಕುಕ್ಕತೊಡಗಿದಳು.

"ಜ್ವರಿಲ್ಲ, ಜ್ವರದ ಹುಳ ಇಲ್ಲ" ಅಂತ ಸಾಹೇಬ ಬೇಸರದಿಂದ ಪುಸ್ತಕ ತೆರೆದ. "ಹಂಗಾರ ಈ ಊರಿಗೆ ಔಷಧಿ ಬ್ಯಾಡ ಅಂತ ಬರಿತೇನಿ." ಅಪ್ಪನ ಮುಖ ಅರಳಿತು, ಊರೇ ಪರೀಕ್ಷೆ ಪಾಸಾದ ಹಾಗೆ. ಒಬ್ಬರಾದರೂ ಬಾಯಿ ಬಿಡುತ್ತಾರೇನೋ ಅಂತ ನಾನು ಎಲ್ಲರ ಮುಖ ನೋಡಿದೆ. ಯಾರೂ ಬಿಡಲಿಲ್ಲ.

ಬಂದವರಿಗೆ ಬೆಲ್ಲ, ನೀರು ಕೊಡದೆ ಕಳಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ಅವ್ವ ಬೆಲ್ಲದ ಚೂರು ತಂದಿಟ್ಟಳು. ನೀರಿಗೆ ನೋಡಿದರೆ ಮನೆಯಲ್ಲಿ ಹನಿಯಿಲ್ಲ, ಎಲ್ಲ ಚೆಲ್ಲಿಯಾಗಿತ್ತು. ಅಪ್ಪ ತಂಬಿಗೆ ನನ್ನ ಕೈಗೆ ಕೊಟ್ಟು, "ಓಡು, ಒರತಿ ನೀರು ತಾ" ಅಂದ.

ಒರತೆಯ ನೀರು ಕನ್ನಡಿಯಂತಿತ್ತು. ತಳದ ಮರಳು ಎಣಿಸಬಹುದು. ದಂಡೆಯ ಹುಲ್ಲು ನೀರಿಗೆ ಬಾಗಿದ ಕಡೆ ಆ ಕಡ್ಡಿಗಳು ಅಡ್ಡಡ್ಡ ಮಲಗಿದ್ದವು. ದಿನಾ ಆದರೆ ಅಂಗೈಯಿಂದ ಅವನ್ನು ಅತ್ತ ಸರಿಸಿ ನೀರು ತುಂಬುತ್ತಿದ್ದೆ. ಊರವರೆಲ್ಲ ಹಾಗೇ ಮಾಡುತ್ತಿದ್ದರು. ಅವತ್ತು ನಾನು ಸರಿಸಲಿಲ್ಲ. ಹುಲ್ಲಿನ ಬುಡಕ್ಕೇ ತಂಬಿಗೆ ಒತ್ತಿ ತುಂಬಿಕೊಂಡೆ.

ಸಾಹೇಬ ತಂಬಿಗೆ ಬಾಯಿಗೆತ್ತಿ, ಅಲ್ಲೇ ತಡೆದ. ಅಪ್ಪ ಬಗ್ಗಿ ನೋಡಿದ. ನೋಡಿದ ಕೂಡಲೇ ನನ್ನ ಬೆನ್ನಿಗೆ ಒಂದು ಗುದ್ದು ಬಿತ್ತು. "ಹುಳದ ನೀರು ತಂದೀಯಲ್ಲ, ಕಣ್ಣು ಕಾಣಸೂದಿಲ್ಲೇನು ನಿನಗ?"

"ಹೊಡಿಬ್ಯಾಡ್ರಿ" ಅಂದ ಸಾಹೇಬ. ಅವನಿಗೆ ಸಿಟ್ಟೇ ಬಂದಿರಲಿಲ್ಲ. ತಂಬಿಗೆಯ ನೀರನ್ನು ಬಿಳಿ ಸೌಟಿಗೆ ಸುರಿದು, ಕಣ್ಣ ಹತ್ತಿರ ಹಿಡಿದು ನೋಡಿದ. "ಎಲ್ಲೀದವ್ವಾ ಇದು?"

ಬಾಯಿ ಬಿಚ್ಚಬೇಡ ಅಂತ ಅಪ್ಪ ಅಂದಿದ್ದನಲ್ಲ, ಬಿಚ್ಚಲಿಲ್ಲ. ಹಳ್ಳದ ಕಡೆ ಬೆರಳು ತೋರಿಸಿದೆ.

"ಮನ್ಯಾಗ ಯಾರಿಗರ ಜ್ವರ ಐತೇನು?"

ಅದೇ ಬೆರಳಿನಿಂದ ಹಿಂದಿನ ಕೋಣೆ ತೋರಿಸಿದೆ.

ಅವ್ವನ ಪಾತ್ರೆ ಸದ್ದು ನಿಂತಿತು. ಸಾಹೇಬ ಎದ್ದು ಒಳಗೆ ಹೋದ. ಅಕ್ಕನ ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಮೇಲೆ ರಕ್ತ ಸವರಿಕೊಂಡ. ಗುಳಿಗೆ ಕೊಟ್ಟ, ವಿಷದಂಥ ಕಹಿ. ಒರತೆಗೆ ಹೋಗಿ ಸೌಟಿನ ಮೇಲೆ ಸೌಟು ಎತ್ತಿ, ಪುಸ್ತಕದಲ್ಲಿ ಬರೆದದ್ದನ್ನು ಹೊಡೆದು ಹಾಕಿ ಬೇರೆ ಬರೆದ. ಕುಡಿದರೆ ಏನೂ ಆಗುವುದಿಲ್ಲ, ಇವು ಬೆಳೆದು ಹಾರಿ ಬಂದು ಕಚ್ಚಿದರೆ ಜ್ವರ, ದಂಡೆಯ ಹುಲ್ಲು ಕೊಯ್ದು ನೀರು ಹರಿಯುವ ಹಾಗೆ ಮಾಡಿರಿ ಅಂತ ಅಪ್ಪನಿಗೆ ಬಿಡಿಸಿ ಬಿಡಿಸಿ ಹೇಳಿದ. ಒಂದು ವರ್ಷ ಕೊಯ್ದರು. ಮರುವರ್ಷ ಹುಲ್ಲೂ ಬಂತು, ಅಂಗೈಯಿಂದ ಸರಿಸುವುದೂ ಬಂತು. ಕುಡುಗೋಲು ಹಿಡಿದು ನಾನೊಬ್ಬಳೇ ಹೋಗುತ್ತಿದ್ದೆ.

ಅಕ್ಕ ಉಳಿದಳು. ಮುಂಡಗೋಡದ ಸಂಬಂಧ ಉಳಿಯಲಿಲ್ಲ. ಯುಗಾದಿಯವರೆಗೆ ಅವಳು ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಬೇರೆ ಕಡೆ ಕೊಟ್ಟರು. ಈಗಲೂ ಇದ್ದಾಳೆ, ಕಿವಿ ಕೇಳಿಸುವುದಿಲ್ಲ, ಜಗಳಕ್ಕೇನೂ ಕಡಿಮೆಯಿಲ್ಲ.

ಈಗ ನಿಮ್ಮಿಬ್ಬರ ವಿಷಯಕ್ಕೆ ಬರುತ್ತೇನೆ, ಮಕ್ಕಳೇ. ದಾಂಡೇಲಿಯ ಈ ಓಣಿಯಲ್ಲಿ ಕಾಡಿಲ್ಲ, ಒರತೆಯಿಲ್ಲ, ನಿಮಗೆ ಚಳಿಜ್ವರ ಗೊತ್ತಿಲ್ಲ. ಡೆಂಗಿ ಗೊತ್ತು. ನಲ್ಲಿ ನೀರು ಹಿಡಿದಿಡುವ ನೀಲಿ ಡ್ರಮ್ಮು ಗೊತ್ತು. ಮೊನ್ನೆ ಮನೆ ಮನೆಯ ನೀರು ನೋಡುವ ಆಶಾ ಕಾರ್ಯಕರ್ತೆ ಬಾಯಿ ಬ್ಯಾಟರಿ ಹಿಡಿದು ಓಣಿಯ ತಿರುವಿನಲ್ಲಿ ಕಂಡ ಕೂಡಲೇ ನಿಮ್ಮವ್ವ ಡ್ರಮ್ಮಿನ ಮೇಲೆ ತಾಡಪಾಲು ಎಳೆದಳು. ಅದರ ಮೇಲೆ ನೀವಿಬ್ಬರೂ ಹತ್ತಿ ಕೂತಿರಿ. "ನೀರು ತುಂಬಿಲ್ರಿ, ಯಾರಿಗೂ ಜ್ವರಿಲ್ರಿ" ಅಂದಿರಿ. ಒಳಗೆ ನಿಮ್ಮಪ್ಪ ಮೂರು ದಿನದಿಂದ ಮೈಕೈ ನೋವು ಅಂತ ಮಲಗಿದ್ದ. ಅವಳು ಬಾಗಿಲಿಗೆ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ ಮುಂದೆ ಹೋದಳು. ನೀವು ನಕ್ಕಿರಿ. ನಾನು ಓಣಿಯ ತುದಿಯವರೆಗೆ ಹೋಗಿ ಅವಳನ್ನು ವಾಪಸ್ ಕರೆದುಕೊಂಡು ಬಂದೆ. ನಿಮ್ಮವ್ವ ಇನ್ನೂ ನನ್ನ ಜೊತೆ ಮಾತಾಡುತ್ತಿಲ್ಲ. ಆಡದಿದ್ದರೆ ಬಿಡಲಿ, ನನಗೆ ರೂಢಿಯಿದೆ.

ಆದರೆ ನಾನು ಎಷ್ಟು ದಿನ ಓಣಿಯ ತುದಿಗೆ ನಡೆಯಲಿ? ಮಂಡಿ ಹೋಗಿವೆ. ನಾನು ಒಂದು ತಂಬಿಗೆ ನೀರು ಕೊಟ್ಟು ಪಾರಾದೆ, ಹುಳ ತಾವೇ ಮಾತಾಡಿದವು. ನಿಮಗೆ ಅದೂ ಇಲ್ಲ. ನಿಮ್ಮ ಮನೆಯಲ್ಲಿ ಬಂದವರಿಗೆ ಫಿಲ್ಟರಿನ ನೀರು ಕೊಡುತ್ತೀರಿ, ಅದರಲ್ಲಿ ಏನೂ ತೇಲುವುದಿಲ್ಲ. ನೀವು ಬಾಯಿ ಬಿಟ್ಟೇ ಹೇಳಬೇಕು.