ಖಾಲಿ ಬಂದ ಡಬ್ಬಿ

ದೆವ್ವ, ಭೂತ, ಸತ್ತವರು ಮರಳಿ ಬರುವುದು ಇಂಥ ಮಾತನ್ನು ಯಾರಾದರೂ ತೆಗೆದರೆ ನನಗೆ ಮೊದಲಿನಿಂದಲೂ ಸಿಟ್ಟು ಬರುತ್ತಿತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ನಾವು ಬೌದ್ಧರು, ಔರಾದಿನ ನಮ್ಮ ಮನೆಯಲ್ಲಿ ಸತ್ತವರಿಗೆ ಎಡೆ ಇಡುವ ಪದ್ಧತಿ ಅಪ್ಪನ ಕಾಲಕ್ಕೇ ನಿಂತುಹೋಗಿತ್ತು. ಎಡೆಯನ್ನು ಕಾಗೆ ಮುಟ್ಟಲಿಲ್ಲವೆಂದು ಪಕ್ಕದ ಮನೆಯವರು ಅಳುತ್ತಿದ್ದರೆ ಅಪ್ಪ ನಮ್ಮನ್ನು ಒಳಗೆ ಕರೆದು, ಸತ್ತವರಿಗೆ ಹಸಿವೆ ಇರುವುದಿಲ್ಲ, ಬದುಕಿದ್ದಾಗ ಉಂಡೆಯಾ ಅಂತ ಕೇಳಬೇಕಿತ್ತು ಎನ್ನುತ್ತಿದ್ದರು. ಆ ಮಾತನ್ನು ನಾನು ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೇನೆ. ಈಗ ಹೇಳಲು ಹೋದರೆ ಬಾಯಿ ತಡೆಯುತ್ತದೆ. ಯಾಕೆಂದು ಇಲ್ಲಿ ಬರೆಯುತ್ತೇನೆ. ನಂಬಿ ಎಂದು ಕೇಳುವುದಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ನನ್ನ ಅಣ್ಣ ಗೌತಮ ಬಸ್ ಕಂಡಕ್ಟರ್ ಆಗಿದ್ದ. ಔರಾದಿನಿಂದ ಸಂತಪುರದ ಮೇಲೆ ಬೀದರಿಗೆ ಬರುವ ಬಸ್ಸಿನಲ್ಲೇ ಅವನ ಅರ್ಧ ಆಯುಷ್ಯ ಕಳೆಯಿತು. ಕಂಡಕ್ಟರುಗಳು ನೋಟನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಳ್ಳುವುದನ್ನು ನೀವು ನೋಡಿರಬಹುದು. ಅಣ್ಣನಿಗೆ ಅದು ಚಟವಾಗಿಬಿಟ್ಟಿತ್ತು. ಮದುವೆ ಕಾರ್ಡಾಗಲಿ, ಕಿರಾಣಿ ಚೀಟಿಯಾಗಲಿ, ಕೈಗೆ ಸಿಕ್ಕ ಕಾಗದವನ್ನು ಉದ್ದಕ್ಕೆ ಮಡಚಿ, ಮತ್ತೆ ಮಡಚಿ, ಉಗುರಿನಿಂದ ಗೀರಿ ತೆಳ್ಳನೆಯ ಪಟ್ಟಿ ಮಾಡುತ್ತಿದ್ದ. ಡ್ಯೂಟಿಗೆ ಒಯ್ದ ಡಬ್ಬಿಯಲ್ಲಿ ರೊಟ್ಟಿ ಸುತ್ತಿದ ಪೇಪರಿಗೂ ಅದೇ ಗತಿ. ಉಂಡು ಮುಗಿಸಿ, ಪೇಪರನ್ನು ಪಟ್ಟಿ ಮಾಡಿ, ಡಬ್ಬಿಯ ಕ್ಲಿಪ್ಪಿನ ಕೆಳಗೆ ಸಿಕ್ಕಿಸಿ ತರುತ್ತಿದ್ದ. ವೈನಿ, ಅಂದರೆ ಅಣ್ಣನ ಹೆಂಡತಿ ಸುಜಾತಾ, ಅದನ್ನು ಕಂಡಾಗಲೆಲ್ಲ “ಟಿಕೆಟ್ ಬಂತು” ಎಂದು ನಗುತ್ತಿದ್ದರು.

ಡಬ್ಬಿ ಮಾತ್ರ ಯಾವತ್ತೂ ತುಂಬಿಕೊಂಡು ವಾಪಸ್ ಬಂದದ್ದಿಲ್ಲ. ನೌಕರಿಯ ಹೊಸತರಲ್ಲಿ ಒಮ್ಮೆ ಉಣ್ಣದೆ ತಂದಿದ್ದನಂತೆ. ಏನಾಯಿತೋ ಎಂದು ಅವ್ವ ರಾತ್ರಿಯೆಲ್ಲ ಎದ್ದೆದ್ದು ಅವನ ಹಣೆ ಮುಟ್ಟಿ ನೋಡಿದಳು. ಆಮೇಲೆ ಜ್ವರವಿರಲಿ, ಹೊಟ್ಟೆ ಕೆಟ್ಟಿರಲಿ, ಮನೆಯ ಹೆಂಗಸರು ಗಾಬರಿಯಾಗಬಾರದೆಂದು ಡಬ್ಬಿ ಖಾಲಿ ಮಾಡಿಯೇ ಬರುತ್ತಿದ್ದ.

ಕೊರೊನಾದ ಎರಡನೇ ಅಲೆಯಲ್ಲಿ ಅಣ್ಣನನ್ನು ಬೀದರಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ಹೆಸರು ಬೇಡ. ಅದು ಅವಸರದಲ್ಲಿ ಆಮ್ಲಜನಕದ ಪೈಪು ಎಳೆದು ತೆರೆದ ವಾರ್ಡು. ನೌಬಾದದ ನನ್ನ ಮನೆಯಲ್ಲಿ ವೈನಿ ಬಂದು ಉಳಿದರು. ಅವರು ರೊಟ್ಟಿ, ಅಣ್ಣನಿಗೆ ಸೇರುವ ಹುಳಿ ಪುಂಡಿಸೊಪ್ಪಿನ ಪಲ್ಯ ಮಾಡಿ ಕೊಡುವುದು, ನಾನು ಸ್ಕೂಟರಿನ ಮೇಲೆ ಒಯ್ಯುವುದು. ಒಳಗೆ ನಮ್ಮನ್ನು ಬಿಡುತ್ತಿರಲಿಲ್ಲ. ಗೇಟಿನ ಬಳಿ ಒಂದು ಮೇಜು, ಅದರ ಮೇಲೆ ಪ್ಲಾಸ್ಟರ್ ಅಂಟಿಸಿ ಹೆಸರು ಬರೆದ ಡಬ್ಬಿಗಳು. ಇಂದುಬಾಯಿ ಎಂಬ ಗುತ್ತಿಗೆಯ ಆಯಾ ಅವನ್ನು ಒಳಗೊಯ್ದು ಸಂಜೆ ಖಾಲಿ ಡಬ್ಬಿ ತಂದಿಡುತ್ತಿದ್ದಳು. ಡಬ್ಬಿ ಖಾಲಿ ಬಂದರೆ ಮನುಷ್ಯ ಇದ್ದಾನೆ ಎಂದರ್ಥ. ಗೇಟಿನ ಹೊರಗಿದ್ದ ನಮಗೆಲ್ಲ ಬೇರೆ ಸುದ್ದಿಯ ದಾರಿಯೇ ಇರಲಿಲ್ಲ.

ಒಂದು ರಾತ್ರಿ ಪೈಪಿನಲ್ಲಿ ಆಮ್ಲಜನಕ ನಿಂತಿತೆಂದು ಸುದ್ದಿಯಾಯಿತು. ಮರುದಿನ ನಾನು ಡಬ್ಬಿ ಹಿಡಿದು ಹೋದಾಗ ಗೇಟಿನ ಮುಂದೆ ಜನ ಕೂಗಾಡುತ್ತಿದ್ದರು. ಯಾರಿಗೂ ಏನೂ ಆಗಿಲ್ಲ, ಮನೆಗೆ ಹೋಗಿ ಎಂದು ಒಳಗಿನವರು ಹೇಳಿ ಕಳಿಸಿದರು. ನಾನು ಹೋಗಲಿಲ್ಲ, ಸಂಜೆಯವರೆಗೂ ಅಲ್ಲೇ ಕೂತೆ. ನಮ್ಮ ಡಬ್ಬಿ ಬಂತು. ಖಾಲಿ. ಕ್ಲಿಪ್ಪಿನ ಕೆಳಗೆ ಪೇಪರಿನ ಪಟ್ಟಿ, ಉಗುರಿನ ಗೀರು ಸಮೇತ. ಮನೆಗೆ ತಂದು ತೋರಿಸಿದಾಗ ವೈನಿ ಅದನ್ನು ಎದೆಗೆ ಒತ್ತಿಕೊಂಡು, “ನೋಡವಾ, ಟಿಕೆಟ್ ಕಳಿಸ್ಯಾರ. ಆರಾಮ ಅದಾರ” ಎಂದು ಅಳುತ್ತಲೇ ನಕ್ಕರು. ಅದರ ಮರುದಿನವೂ ಹಾಗೆಯೇ. ಅವೆರಡು ರಾತ್ರಿ ನಾವಿಬ್ಬರೂ ನೆಮ್ಮದಿಯಿಂದ ಮಲಗಿದೆವು.

ಮೂರನೆಯ ಬೆಳಿಗ್ಗೆ ಫೋನು. ಗೌತಮ ಅವರು ಇಂದು ನಸುಕಿನಲ್ಲಿ ತೀರಿಕೊಂಡರು, ರೋಗ ಉಲ್ಬಣವಾಗಿತ್ತು, ಬಂದು ಶವ ಗುರುತಿಸಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದನ್ನು ದೂರದಿಂದ ತೋರಿಸಿದರು. ಅಷ್ಟೇ.

ತಿಂಗಳಾದ ಮೇಲೆ ಭಾಲ್ಕಿಯಿಂದ ಶಿವರಾಜಪ್ಪ ಎಂಬವರು ನನ್ನ ನಂಬರು ಹುಡುಕಿ ಫೋನು ಮಾಡಿದರು. ದಾಲ್ ಮಿಲ್ಲಿನಲ್ಲಿ ಕಾರಕೂನ. ವಾರ್ಡಿನಲ್ಲಿ ಅಣ್ಣನ ಪಕ್ಕದ ಹಾಸಿಗೆಯಲ್ಲಿದ್ದು ಬದುಕಿ ಬಂದವರು. ನಾನು ಭಾಲ್ಕಿಗೆ ಹೋದೆ. ಅವರು ಹೇಳಿದ್ದು ಇಷ್ಟು:

“ಮೇಡಮ್ಮಾರ, ನಿಮ್ಮ ಅಣ್ಣಾರು ಪೈಪ್ ಬಂದ್ ಆದ ರಾತ್ರಿನೇ ಹೋದ್ರರಿ. ನನ್ನ ಕೈ ಹಿಡದಿದ್ರು. ಹಿಡದ ಕೈ ಹಂಗೇ ತಣ್ಣಗಾತು. ಬೆಳಕಾಗೂದ್ರಾಗ ಒಯ್ದು ಆ ಬೆಡ್ಡಿಗಿ ಬ್ಯಾರೆಯವ್ರನ್ನ ಹಾಕಿದ್ರು.”

ಇಲ್ಲ, ಆಮೇಲೆ ಎರಡು ದಿನ ಅವನು ಉಂಡಿದ್ದಾನೆ ಎಂದು ನಾನು ವಾದಿಸಿದೆ. ಅವರ ಮುಖ ಬಿಳಿಚಿತು. ಡಬ್ಬಿಯನ್ನು ಅವರೂ ನೋಡಿದ್ದರು. ಅದು ಅವರ ತಲೆದಿಂಬಿನ ಪಕ್ಕದ ಕಿಟಕಿ ಕಟ್ಟೆಯ ಮೇಲೆ ಇತ್ತಂತೆ.

“ಯಾರೂ ಹತ್ರ ಬಂದಿಲ್ರಿ. ಒಂದೀಟ ಕಣ್ಣ ಹತ್ತಿತ್ತು. ಪುಂಡಿಪಲ್ಯದ ವಾಸನಿಗಿ ಎಚ್ಚರಾತು. ಆ ರೋಗದಾಗ ಮೂಗಿಗಿ ಏನೂ ತಿಳೀತಿದ್ದಿಲ್ಲ ನನಗ. ಫಿನಾಯಿಲ್ ವಾಸನಿ ಸೈತ ಬರ್ತಿದ್ದಿಲ್ಲ. ಅವತ್ತ ಇದೊಂದ ಹ್ಯಾಂಗ ಬಂತೋ.”

ನಾನು ಇಂದುಬಾಯಿಯನ್ನು ಹುಡುಕಿಕೊಂಡು ಹೋದೆ. ಸಂಶಯ ಅವಳ ಮೇಲೆಯೇ ಇತ್ತು, ಸುಳ್ಳು ಹೇಳುವುದಿಲ್ಲ. ಆಸ್ಪತ್ರೆಯ ಹಿಂದೆ ಬಟ್ಟೆ ಒಣಹಾಕುತ್ತಿದ್ದಳು.

“ಬೆಡ್ಡಿನ ಮ್ಯಾಲ ಬ್ಯಾರೆಯವ್ರಿದ್ರು ಬಾಯಾರ. ಕೇಳಿದ್ರ, ಆ ಪೇಷಂಟ್‌ನ ಬ್ಯಾರೆ ವಾರ್ಡಿಗಿ ಒಯ್ದಾರ, ಡಬ್ಬಿ ಇಟ್ಟು ನಡಿ ಅಂದ್ರು. ಕಿಟಕಿ ಕಟ್ಟಿ ಮ್ಯಾಲ ಇಟ್ಟೆ. ಸಂಜಿಮುಂದ ಬಂದ್ರ ಖಾಲಿ ಇತ್ತು. ಎರಡೂ ದಿನ ಹಂಗೇ.”

ನೀನೇ ತಿಂದೆಯಾ ಎಂದು ನೇರವಾಗಿ ಕೇಳಿದೆ. ಅವಳು ಸಿಟ್ಟಾಗಲಿಲ್ಲ. “ಆ ಕೊರೊನಾ ಕಿಟ್ ಹಾಕ್ಕೊಂಡ್ರ ಡ್ಯೂಟಿ ಮುಗಿಯೂತನ ನೀರ ಕುಡೀಲಿಕ್ಕಿ ಬರ್ತಿದ್ದಿಲ್ರಿ. ಬಾಯಿಗಿ ಕೈ ಹ್ಯಾಂಗ ಒಯ್ಯಬೇಕು?” ಎಂದಳು. ಪರ್ಸಿನಿಂದ ಒಂದು ಹಾಳೆ ತೆಗೆದು ಕೊಟ್ಟು, ಊಟವಾದ ಮೇಲೆ ಪೇಪರನ್ನು ಏನು ಮಾಡುತ್ತೀ, ಮಾಡಿ ತೋರಿಸು ಎಂದೆ. ಅವಳು ಅದನ್ನು ಮುದ್ದೆ ಮಾಡಿ ಎಸೆದಳು. ಆಮೇಲೆ ಆ ವಾರ್ಡಿನಲ್ಲಿದ್ದು ಗುಣವಾಗಿ ಬಂದವರನ್ನು, ಸಿಕ್ಕಷ್ಟು ಜನರನ್ನು, ವಿಚಾರಿಸಿದೆ. ಅವರಲ್ಲಿ ಕಂಡಕ್ಟರ್ ಯಾರೂ ಇರಲಿಲ್ಲ. ಪ್ರಯೋಗಶಾಲೆಯಲ್ಲಿ ಒಂದೊಂದೇ ಕಾರಣವನ್ನು ತೆಗೆದುಹಾಕಿ ಉಳಿದದ್ದನ್ನು ನೋಡಬೇಕು ಎಂದು ಮಕ್ಕಳಿಗೆ ಕಲಿಸುತ್ತೇನೆ. ಇಲ್ಲಿ ಎಲ್ಲ ತೆಗೆದ ಮೇಲೆ ಉಳಿದದ್ದನ್ನು ನೋಡುವ ಧೈರ್ಯ ನನಗಿರಲಿಲ್ಲ.

ಇಷ್ಟರಲ್ಲಿ ಆ ರಾತ್ರಿ ತಮ್ಮವರನ್ನು ಕಳೆದುಕೊಂಡ ಮನೆಯವರು ಸೇರಿ ಸಮಿತಿ ಮಾಡಿದ್ದರು. ಹೆಚ್ಚಿನವರು ಭಾಲ್ಕಿ ಕಡೆಯವರು. ಹೀಗಾಗಿ ಭಾಲ್ಕಿಯ ಒಂದು ಫಂಕ್ಷನ್ ಹಾಲಿನಲ್ಲಿ ಬಹಿರಂಗ ಚರ್ಚೆ ಇಟ್ಟರು. ವಿಚಾರಣೆ ಮಾಡುತ್ತಿದ್ದ ಅಧಿಕಾರಿಯೂ ಬಂದು ಕೂತಿದ್ದರು. ಆ ರಾತ್ರಿಗೆ ಯಾರು ಹೊಣೆ ಎಂಬುದು ಪ್ರಶ್ನೆ. ಉತ್ತರ ಕೇಳುತ್ತ ನನ್ನ ಮೈಯೆಲ್ಲ ಉರಿಯಿತು. ಆಸ್ಪತ್ರೆಯವರು ಪೈಪಿನ ಗುತ್ತಿಗೆದಾರನನ್ನು ತೋರಿಸಿದರು. ಅವನು, ಒಂದು ವಾರ್ಡಿಗೆ ಎಳೆದ ಪೈಪಿಗೆ ಎರಡು ವಾರ್ಡು ಜೋಡಿಸಿದವರು ಇವರೇ ಎಂದ. ಆಸ್ಪತ್ರೆಯವರು ಆಗ ಸಿಲಿಂಡರಿನ ಲಾರಿಯವರನ್ನು ತೋರಿಸಿದರು. ಒಬ್ಬ ಪುಢಾರಿ ರಾಜ್ಯವನ್ನು ಬೈದ, ಇನ್ನೊಬ್ಬ ದಿಲ್ಲಿಯನ್ನು ಬೈದ, ಮೂರನೆಯವನು ರೋಗವನ್ನೇ ಬೈದು ಚಪ್ಪಾಳೆ ಗಿಟ್ಟಿಸಿದ. ಕೈ ತೊಳೆದುಕೊಳ್ಳುವುದನ್ನು ಆ ವರ್ಷ ಎಲ್ಲರೂ ಚೆನ್ನಾಗಿ ಕಲಿತಿದ್ದರು. ನನ್ನ ಪಕ್ಕದಲ್ಲಿ ವೈನಿ ಅಣ್ಣನ ಫೋಟೊ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರಿಗೆ ಬೇಕಾಗಿದ್ದು ಒಂದೇ: ನಿಮ್ಮ ಗಂಡ ಆ ರಾತ್ರಿ ನಮ್ಮ ತಪ್ಪಿನಿಂದ ಸತ್ತ ಎಂದು ಯಾರಾದರೂ ಎದುರಿಗೆ ನಿಂತು ಹೇಳಬೇಕು.

ಶಿವರಾಜಪ್ಪ ಎದ್ದು ನಿಂತು ತಾವು ಕಂಡದ್ದನ್ನು ಹೇಳಿದರು. ಆಗ ಆಸ್ಪತ್ರೆಯ ಆಡಳಿತಾಧಿಕಾರಿ ಎದ್ದರು. ಇಸ್ತ್ರಿ ಮಾಡಿದ ಅಂಗಿ, ನಗುಮುಖ. ಆ ರಾತ್ರಿ ಯಾರೂ ಸತ್ತಿಲ್ಲ, ಗೌತಮ ಅವರನ್ನು ಬೇರೆ ವಾರ್ಡಿಗೆ ಒಯ್ದಿದ್ದೆವು, ಎರಡು ದಿನ ಚೆನ್ನಾಗಿದ್ದರು ಎಂದರು. ಹಿಂದೆ ಕೂತಿದ್ದ ಇಂದುಬಾಯಿಯನ್ನು ಎಬ್ಬಿಸಿ ನಿಲ್ಲಿಸಿದರು. ಡಬ್ಬಿ ಒಳಗೆ ಹೋಗಿತ್ತಾ? ಹೋಗಿತ್ತು. ಖಾಲಿ ಬಂತಾ? ಬಂತು. ಕಿಟಕಿ ಕಟ್ಟೆಯ ಮಾತು ಅವಳು ಆಡಲಿಲ್ಲ. ನೌಕರಿ ಅವರ ಕೈಯಲ್ಲಿತ್ತು.

“ಮೇಡಂ ಇಲ್ಲೇ ಅದಾರ. ನೀವ ಹೇಳ್ರಿ, ಡಬ್ಬಿ ಖಾಲಿ ಬಂದಿತ್ತೋ ಇಲ್ಲೋ?” ಎಂದು ನನ್ನ ಕಡೆ ತಿರುಗಿದರು. ನಾನು ಹೌದೆಂದೆ. ಅವರು ಸಭೆಗೆ ಎರಡೂ ಕೈ ಅಗಲಿಸಿ ತೋರಿಸಿದರು. “ಸತ್ತವ್ರು ಉಣ್ತಾರೇನ್ರಿ?”

ಅಪ್ಪನ ಮಾತು. ನನ್ನದೇ ಪಾಠ. ಇಂಥವನ ಬಾಯಲ್ಲಿ.

ನಮ್ಮ ಸಮಿತಿಯ ವಕೀಲರು ಛಂಗನೆ ಎದ್ದು ಇಂದುಬಾಯಿಯ ಮೇಲೆ ಬಿದ್ದರು. “ನೀನೇ ತಿಂದಿ! ಸತ್ತವ್ರ ರೊಟ್ಟಿ ಕದ್ದ ತಿಂದಿ! ಒಪ್ಕೋ!” ನಮ್ಮ ಜನವೇ ಕಳ್ಳಿ, ಕಳ್ಳಿ ಎಂದು ಕೂಗಿದರು. ಯಾವಳೋ ಒಬ್ಬಳು ಚಪ್ಪಲಿ ಎತ್ತಿದಳು. ಅಷ್ಟು ದೊಡ್ಡ ತಪ್ಪಿಗೆ ಕೊನೆಗೂ ಒಂದು ತಲೆ ಸಿಕ್ಕಿತ್ತು. ಇಂದುಬಾಯಿ ಕಂಬ ಹಿಡಿದು ನಿಂತು, “ನಾ ತಿಂದಿಲ್ರಿ, ನನ್ನ ಮಕ್ಕಳ ಆಣಿ” ಎನ್ನುತ್ತಿದ್ದಳು. ಆಡಳಿತಾಧಿಕಾರಿ ಅವಳ ಪರವಾಗಿ ಒಂದು ಮಾತೂ ಆಡದೆ ಮೊಬೈಲು ನೋಡುತ್ತಿದ್ದರು. ವಕೀಲರು ನನ್ನ ಬಳಿ ಬಂದು ಬಗ್ಗಿ, “ಮೇಡಂ, ಈ ಹೆಂಗಸು ತಿಂದಾಳ ಅಂತ ಒಂದ ಮಾತ ಹೇಳ್ರಿ. ಕೇಸ್ ನಮ್ಮದು” ಎಂದರು. ವೈನಿ ನನ್ನ ಮೊಣಕೈ ಹಿಡಿದು, “ಹೇಳ್” ಎಂದರು.

ನನ್ನ ಪರ್ಸಿನಲ್ಲಿ ಆ ಎರಡು ಪಟ್ಟಿಗಳಿದ್ದವು. ನಾನು ಎದ್ದು ನಿಂತೆ.

“ಈಕಿ ತಿಂದಿಲ್ಲ. ನಮ್ಮ ಅಣ್ಣ ಆ ರಾತ್ರಿನೇ ಸತ್ತಾನ, ಇವ್ರೇ ಕೊಂದಾರ. ಮರುದಿನ ಡಬ್ಬಿ ಉಂಡವನೂ ಅವನೇ. ಎರಡೂ ಖರೇ. ಹ್ಯಾಂಗ ಅಂತ ನನಗ ಗೊತ್ತಿಲ್ಲ.”

ಯಾರೋ ಕಿಸಕ್ಕೆಂದರು. ನಗು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬಂತು. “ಕೇಳಿದ್ರಲ್ಲಾ? ಉಂಡಾರಂತ ಅವ್ರೇ ಹೇಳ್ಲತ್ತಾರ” ಎಂದು ಆಡಳಿತಾಧಿಕಾರಿ ವಿಚಾರಣೆಯ ಅಧಿಕಾರಿಯ ಕಡೆ ನೋಡಿದರು. ವಕೀಲರು ಹಣೆ ಬಡಿದುಕೊಂಡರು. ಇಂದುಬಾಯಿಯನ್ನು ಬಿಟ್ಟು ಎಲ್ಲರೂ ನನ್ನನ್ನು ನೋಡುತ್ತಿದ್ದರು. ಅವಳು ಆ ಗದ್ದಲದಲ್ಲಿ ಮೆಲ್ಲಗೆ ಹೊರಗೆ ಹೋದಳು.

ವಿಚಾರಣೆಯ ವರದಿ ಬಂತು. ಆ ರಾತ್ರಿ ಒತ್ತಡ ಕೊಂಚ ಇಳಿದಿತ್ತು, ಅದರಿಂದ ಯಾರೂ ಸತ್ತಿಲ್ಲ, ರೋಗಿ ಮುಂದಿನ ಎರಡು ದಿನ ಊಟ ಮಾಡಿದ್ದನ್ನು ಸಂಬಂಧಿಕರೇ ಒಪ್ಪಿದ್ದಾರೆ. ಹೊಣೆ ಯಾರದೂ ಅಲ್ಲ. ಉಳಿದ ಮನೆಯವರ ಕೇಸುಗಳೂ ಅದರೊಂದಿಗೇ ಬಿದ್ದವು. ನನ್ನನ್ನು ಭಾಲ್ಕಿಯಲ್ಲಿ ಇಂದಿಗೂ ಬೈಯುವವರಿದ್ದಾರೆ, ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ವೈನಿ ಸಭೆಯಿಂದ ಮರಳುವಾಗ ಬಸ್ಸಿನಲ್ಲಿ, “ಒಂದ ಸುಳ್ಳಿಗಿ ನಿಂದೇನ ಹೋಗ್ತಿತ್ತು?” ಎಂದವರು ಆಮೇಲೆ ನನ್ನೊಡನೆ ಮಾತು ಬಿಟ್ಟರು.

ಹೋದ ವರ್ಷ ಔರಾದಿಗೆ ಹೋಗಿದ್ದೆ. ವೈನಿ ಮಾತಿಲ್ಲದೆ ತಾಟು ಮುಂದಿಟ್ಟು ಪುಂಡಿಪಲ್ಯ ಬಡಿಸಿದರು. ನಾನು ತುತ್ತು ಮುರಿಯುವಾಗ, ನನ್ನ ಕಡೆ ನೋಡದೆ ಹೇಳಿದರು:

“ಎರಡನೇ ದಿನದ ಪಲ್ಯಕ್ಕ ಉಪ್ಪ ಹಾಕೂದು ಮರತಿದ್ದೆ. ನೀ ಡಬ್ಬಿ ಒಯ್ದ ಮ್ಯಾಲ ಬಾಯಿಗಿ ಇಟ್ಟ ನೋಡಿದೆ, ಥೂ ಅನ್ನಂಗಿತ್ತು. ಕದ್ದ ತಿನ್ನವ್ರು ಅದನ್ನ ಬಳದು ತಿಂತಿದ್ದಿಲ್ಲ. ನನಗ ಆ ಸಭಿ ದಿನಾನೇ ಗೊತ್ತಿತ್ತು. ಹೇಳ್ಲಿಕ್ಕಿ ಮನಸ ಆಗಲಿಲ್ಲ.”

ನಾನು ಉಣ್ಣಲಾರದೆ ಎದ್ದುಬಿಟ್ಟೆ.

ಇದಕ್ಕೆ ನನ್ನಲ್ಲಿ ಇಂದಿಗೂ ವಿವರಣೆ ಇಲ್ಲ. ಪಟ್ಟಿಗಳು ಕಪಾಟಿನಲ್ಲಿವೆ, ತೆಗೆದು ನೋಡುವುದಿಲ್ಲ. ಆ ಆಸ್ಪತ್ರೆಯವರ ಮೇಲಿನ ನನ್ನ ಸಿಟ್ಟು ಒಂದಿಷ್ಟೂ ಇಳಿದಿಲ್ಲ, ಇಳಿಯುವುದೂ ಬೇಡ. ಆದರೆ ಅದರೊಳಗೆ ಒಂದು ಪಾಲು ಅಣ್ಣನ ಮೇಲೂ ಇದೆ. ಎದುರಿಗೆ ಬಂದರೆ ಕೇಳುವುದು ಒಂದೇ: ಯಾಕೆ ಉಂಡೆ? ಆ ಮೊದಲ ದಿನವೇ ಡಬ್ಬಿ ತುಂಬಿಕೊಂಡು ವಾಪಸ್ ಬಂದಿದ್ದರೆ, ನಾನೂ ವೈನಿಯೂ ಆ ಗೇಟು ಮುರಿದು ಒಳಗೆ ನುಗ್ಗುತ್ತಿದ್ದೆವು.