ನಾನು ಪರ್ಸಾಗಿದ್ದ ದಿನಗಳು

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸುಮಾರು ಎಂಟು ತಿಂಗಳು ನಾನು ಇನ್ನೊಬ್ಬರ ಪರ್ಸಾಗಿದ್ದೆ. ಮೂವತ್ತೊಂದು ವರ್ಷ ಅಂಕೋಲೆಯ ಶಾಲೆಯಲ್ಲಿ ಗಣಿತ ಕಲಿಸಿ, ನಿವೃತ್ತಿಯ ದಿನ ಶಾಲು ಹೊದೆಸಿಕೊಂಡು, ಹಾರ ಹಾಕಿಸಿಕೊಂಡು, ಕಾರವಾರದ ಹಬ್ಬುವಾಡಕ್ಕೆ ಬಂದು ನೆಮ್ಮದಿಯಾಗಿ ಕೂತವಳು ನಾನು. ಅಂಥವಳು, ಕರೆದಲ್ಲಿಗೆ ಓಡಿಹೋಗಿ, ಫೋನು ತೆಗೆದು, ಅಂಗಡಿಯ ಗೋಡೆಗೋ ಬಿಸ್ಕತ್ತಿನ ಡಬ್ಬಿಗೋ ಅಂಟಿಸಿದ ಆ ಕಪ್ಪು ಬಿಳುಪಿನ ಚೌಕದ ಮುಂದೆ ಹಿಡಿದು, ಇನ್ನೊಬ್ಬಳ ಪರವಾಗಿ ದುಡ್ಡು ಕೊಟ್ಟು ಬರುತ್ತಿದ್ದೆ. ಪರ್ಸಿಗಾದರೂ ಜಿಪ್ಪು ಇರುತ್ತದೆ, ಮುಚ್ಚಿಕೊಂಡಿರುತ್ತದೆ. ನನಗೆ ಅದೂ ಇಲ್ಲ. ಬಾಯಿ ಮುಚ್ಚಿ ಕೂರುವುದನ್ನು ಊರಿನ ಮಕ್ಕಳಿಗೆಲ್ಲ ಕಲಿಸಿದೆನೇ ಹೊರತು ನಾನು ಕಲಿಯಲಿಲ್ಲ.

ನನ್ನನ್ನು ಪರ್ಸು ಮಾಡಿಕೊಂಡವಳು ಇಂಗ್ರಿಡ್. ನಮ್ಮ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿರುವ ನಾರ್ವೆ ದೇಶದ ಹುಡುಗಿ. ವಯಸ್ಸು ಮೂವತ್ತೆರಡು, ಆದರೆ ನನ್ನ ಕಣ್ಣಿಗೆ ಹುಡುಗಿಯೇ. ಕಾಳಿ ನದಿ ಸಮುದ್ರಕ್ಕೆ ಸೇರುವಲ್ಲಿ, ದೇವಬಾಗದ ಕಡೆ, ಮೊಣಕಾಲುದ್ದ ಕೆಸರಿನಲ್ಲಿ ನಿಂತು ಚಿಪ್ಪುಮೀನು ಎಣಿಸುವುದು ಅವಳ ಸಂಶೋಧನೆ. ಚಿಪ್ಪು ಎಣಿಸಲು ಅಷ್ಟು ದೂರದಿಂದ ಬರಬೇಕೇ ಎಂದು ನಾನು ಕೇಳಿದ್ದುಂಟು. ಅವಳು ನಕ್ಕು, ನಿಮ್ಮ ಚಿಪ್ಪುಗಳು ಬಹಳ ಮರ್ಯಾದಸ್ಥರು ಅಂದಳು. ಕನ್ನಡ ಕಲಿಸಿದ್ದು ನಾನೇ. ಹಾಗಾಗಿ ಅವಳು ಮಾತಾಡಿದರೆ ಪರೀಕ್ಷೆಯ ಉತ್ತರಪತ್ರಿಕೆ ಓದಿದ ಹಾಗೆ ಕೇಳುತ್ತದೆ.

ಅವಳ ಊರಿನಲ್ಲಿ ನೋಟು ಮುಟ್ಟುವವರೇ ಇಲ್ಲವಂತೆ. ಕಾಫಿಗೂ ಫೋನು, ಬಸ್ಸಿಗೂ ಫೋನು. ಭಾರತದಲ್ಲಿ ಹಾಗಿರುವುದಿಲ್ಲ ಎಂದು ಯಾರೋ ತಲೆಯಲ್ಲಿ ತುಂಬಿದ್ದರಿಂದ, ಪಾಪ, ಹೊರಡುವ ಮುಂಚೆ ಒಂದು ದೊಡ್ಡ ಚರ್ಮದ ಪರ್ಸು ಕೊಂಡು ತಂದಿದ್ದಳು. ಬಂದ ಮೊದಲ ದಿನ ಕಡಲ ದಂಡೆಯಲ್ಲಿ ಎಳನೀರಿನವನ ಗಾಡಿಗೆ ಚೌಕ ಅಂಟಿಸಿದ್ದನ್ನು ನೋಡಿ ಕುಣಿದುಬಿಟ್ಟಳು. ಫೋನು ತೆಗೆದಳು, ಹಿಡಿದಳು. ಏನೂ ಆಗಲಿಲ್ಲ. ಅವಳ ಫೋನಿಗೆ ನಮ್ಮ ಚೌಕದ ಪರಿಚಯವಿಲ್ಲ, ನಮ್ಮ ಚೌಕಕ್ಕೆ ಅವಳ ಬ್ಯಾಂಕಿನ ಪರಿಚಯವಿಲ್ಲ. ಎಳನೀರಿನವನು ಕಾಯಿ ಕೆತ್ತಿ ಆಗಿತ್ತು. ಪಕ್ಕದಲ್ಲಿ ನಾನಿದ್ದೆ. ಪರ್ಸಾಗಿ ನನ್ನ ನೇಮಕಾತಿ ಆದದ್ದು ಅಲ್ಲಿ.

ಇಲ್ಲಿಯ ಆ್ಯಪು ಬೇಕಾದರೆ ಇಲ್ಲಿಯ ಬ್ಯಾಂಕಿನಲ್ಲಿ ಖಾತೆ ಬೇಕು. ಖಾತೆಗೆ ವಿಳಾಸದ ಪುರಾವೆ, ವಾಸಕ್ಕೆ ಸರಕಾರದ ಕಾಗದ, ಇಲ್ಲಿಯ ಫೋನ್ ನಂಬರು. ಇದರಲ್ಲಿ ಕೊನೆಯದನ್ನು ನಾನು ಬಹಳ ಜಾಣತನದಿಂದ ಮೊದಲೇ ಮಾಡಿ ಮುಗಿಸಿದ್ದೆ. ಅವಳು ಬರುವ ಹಿಂದಿನ ವಾರವೇ ನನ್ನ ಹೆಸರಿನಲ್ಲಿ ಒಂದು ಸಿಮ್ಮು ಕೊಂಡು ಇಟ್ಟಿದ್ದೆ. ನಾಲ್ಕು ತಿಂಗಳು ಕಾಗದ ಹಿಡಿದು ಅಲೆದು, ಕೊನೆಗೆ ಬ್ಯಾಂಕಿನ ಮೇಜಿನ ಮುಂದೆ ಕೂತಾಗ ಗೊತ್ತಾಯಿತು, ನಂಬರು ಅವಳ ಹೆಸರಿನಲ್ಲೇ ಇರಬೇಕಂತೆ. ನನ್ನ ಜಾಣತನದಿಂದ ಎಲ್ಲವೂ ಮತ್ತೆ ಮೊದಲಿನಿಂದ. ಇಂಗ್ರಿಡ್ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ನೋಟು ಕೊಟ್ಟರಾಯಿತಲ್ಲ ಅನ್ನುತ್ತೀರಿ. ಕೊಟ್ಟು ನೋಡಿ. ಎಟಿಎಂ ಯಂತ್ರ ಉಗುಳುವುದು ಐನೂರರ ನೋಟು. ಈಗ ಐನೂರರ ನೋಟು ತೋರಿಸಿದರೆ ರಿಕ್ಷಾದವರು ಮನೆಯಲ್ಲಿ ಯಾರೋ ಹೋದ ಸುದ್ದಿ ಕೇಳಿದವರಂತೆ ಮುಖ ಮಾಡುತ್ತಾರೆ. ಕಳೆದ ಮೇ ತಿಂಗಳಲ್ಲಿ ಅವಳೊಬ್ಬಳೇ ಅಂಕೋಲೆಗೆ ಹೋಗಿ ಇಷಾಡ ಮಾವು ಕೊಂಡಳು, ಒಂದು ಡಜನ್. ಬುಟ್ಟಿಯ ಮುದುಕಿಯ ಹತ್ತಿರ ಚಿಲ್ಲರೆ ಇರಲಿಲ್ಲ. ಚಿಲ್ಲರೆಯ ಬದಲು ಇನ್ನೊಂದು ಡಜನ್ ಹಾಕಿದಳು. ಅದೂ ಸಾಲದೆಂದು ಇನ್ನೊಂದಿಷ್ಟು. ಇಂಗ್ರಿಡ್ ಬಸ್ಸಿನಿಂದ ಇಳಿದಾಗ ಅವಳ ಎರಡೂ ಕೈ, ಬೆನ್ನಿನ ಚೀಲ, ತಲೆಯ ಟೊಪ್ಪಿ ಎಲ್ಲದರಲ್ಲೂ ಮಾವು. ಇಷಾಡ ಎರಡು ದಿನ ಕಾಯುವ ಹಣ್ಣಲ್ಲ. ನಮ್ಮ ಓಣಿಯವರೆಲ್ಲ ಅಂದೇ ಮೊಣಕೈವರೆಗೆ ರಸ ಸುರಿಸಿಕೊಂಡು ತಿಂದೆವು, ಚಿಲ್ಲರೆಯ ಅಭಾವ ಹೀಗೇ ಮುಂದುವರಿಯಲಿ ಎಂದು ಹರಸಿದೆವು.

ಹಾಗೆ ನೋಡಿದರೆ ಪರದೇಶದವರು ನಮ್ಮ ಕಾರವಾರದಲ್ಲಿ ದುಡ್ಡು ಹಿಡಿದು ಪೇಚಾಡುವುದು ಹೊಸತಲ್ಲ. ಮೆಣಸಿನ ಆಸೆಗೆ ಹಡಗು ಕಟ್ಟಿಕೊಂಡು ಇದೇ ಕಾಳಿಯ ಬಾಯಿಗೆ ಬಂದವರು ಎಷ್ಟು ಜನ! ಅವರ ನಾಣ್ಯ ನಮ್ಮ ಪೇಟೆಯಲ್ಲಿ ನಡೆಯುತ್ತದೋ ಇಲ್ಲವೋ ಹೇಳಲು ಚಿನಿವಾರ ಬೇಕಾಗಿತ್ತು. ಅವನು ನಾಣ್ಯವನ್ನು ತೂಗಿ, ಕಲ್ಲಿಗೆ ಉಜ್ಜಿ, ಕುಟ್ಟಿ ಸದ್ದು ಕೇಳಿ ತಲೆಯಾಡಿಸಬೇಕು. ಅಲ್ಲಿಯವರೆಗೆ ಎಂಥ ಸಾಹೇಬನೂ ಬಿಸಿಲಲ್ಲಿ ನಿಂತಿರಬೇಕು. ಅದಕ್ಕೂ ಹಿಂದೆ ಕವಡೆಯ ಕಾಲ. ಸಮುದ್ರದ ಚಿಪ್ಪೇ ದುಡ್ಡು. ಇದನ್ನು ಹೇಳಿದಾಗ ಇಂಗ್ರಿಡ್ ನಿಟ್ಟುಸಿರು ಬಿಟ್ಟಳು. ಆ ಕಾಲಕ್ಕೆ ಬಂದಿದ್ದರೆ ಅವಳೇ ಊರಿನ ಸಾಹುಕಾರ್ತಿ.

ನಗುತ್ತಲೇ ಇದ್ದಳು ಎಂದು ತಿಳಿಯಬೇಡಿ. ಒಂದು ಸಂಜೆ ಮೆಟ್ಟಿಲ ಮೇಲೆ ಕೂತು, ಶಾಲೆಯ ಮಕ್ಕಳು ಟೀಚರನ್ನು ಕರೆಯುವ ಹಾಗೆಯೇ ಕರೆದು ಹೇಳಿದಳು: “ಅಕ್ಕೋರೆ, ಎಲ್ಲರೂ ನನ್ನ ಮೇಲೆ ಪ್ರೀತಿ ತೋರಿಸುತ್ತಾರೆ. ಆದರೆ ಒಂದು ಪೆನ್ನು ಬೇಕಾದರೂ ನಾನು ನಿಮ್ಮನ್ನು ಕರೆಯಬೇಕು. ನನ್ನ ಐದನೆಯ ವರ್ಷದಲ್ಲಿ ಅಮ್ಮನನ್ನು ಹೀಗೆ ಕರೆಯುತ್ತಿದ್ದೆ. ಮೀನಿನ ದೇವಕಿಯಂತೂ ನನ್ನ ಮೇಲೆ ಕನಿಕರದಿಂದ ಚಿಲ್ಲರೆ ಕಟ್ಟಿಕೊಂಡು ಬರುತ್ತಾರೆ. ನನಗೆ ನಾಚಿಕೆಯಾಗುತ್ತದೆ.”

ಪರ್ಸಿನ ಕಷ್ಟವನ್ನೇ ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೆ, ಪರ್ಸಿಲ್ಲದವಳ ಕಷ್ಟ ಕೇಳಿರಲಿಲ್ಲ.

ದೇವಕಿ ನಮ್ಮ ಓಣಿಗೆ ಮೀನು ತರುವವಳು. ಬೆಳಿಗ್ಗೆ ಅಂಕೋಲೆಯ ಟೆಂಪೋ ಇಳಿದು, ತಲೆಯ ಮೇಲೆ ಬುಟ್ಟಿ ಹೊತ್ತು, ಓಣಿಯ ಬಾಯಲ್ಲೇ ನಾಲ್ಕು ಮನೆಯವರು ಕರೆದರೂ ಕಿವಿಗೆ ಹಾಕಿಕೊಳ್ಳದೆ ನೆಟ್ಟಗೆ ನಮ್ಮ ಗೇಟಿಗೆ ಬರುತ್ತಾಳೆ. ಇಂಗ್ರಿಡಳ ಐನೂರರ ನೋಟಿಗೆಂದು ಹಿಂದಿನ ದಿನದ ಚಿಲ್ಲರೆಯನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡೇ ಬರುವವಳು ಇಡೀ ಕಾರವಾರದಲ್ಲಿ ಅವಳೊಬ್ಬಳೇ. ಇದು ಕನಿಕರ ಎಂದು ಇಂಗ್ರಿಡ್ ತಿಳಿದಿದ್ದಳು. ನಾನು ಏನು ತಿಳಿದಿದ್ದೆ ಕೇಳಿ. ದೇವಕಿಯ ಮಗಳು ನನ್ನ ಕೈಯಲ್ಲಿ ಲೆಕ್ಕ ಕಲಿತವಳು. ಹಾಗಾಗಿ ದಿನಾ ಬೆಳಿಗ್ಗೆ ಮೊದಲು ಅಕ್ಕೋರ ಮನೆ ಎಂಬ ಗುರುಭಕ್ತಿ ಎಂದು ತಿಳಿದು ಒಳಗೊಳಗೇ ಉಬ್ಬಿದ್ದೆ.

ಹೊಸ ಸಿಮ್ಮು ಬಂತು, ಖಾತೆ ಆಯಿತು, ಒಂದು ಸಂಜೆ ಆ್ಯಪು ತೆರೆದುಕೊಂಡಿತು. ಇಂಗ್ರಿಡ್ ಮಾಳಿಗೆಯಿಂದ ಕೂಗಿದ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳಿತು, ನಾನು ಒಗ್ಗರಣೆ ಸೀಯಿಸಿದೆ. ನನಗೆ ಒಂದು ರೂಪಾಯಿ ಹಾಕಿ ನೋಡು ಅಂದೆ. ಒಪ್ಪಲಿಲ್ಲ. ಮೊದಲನೆಯದು ದೇವಕಿಗೇ, ಇನ್ನು ಮೇಲೆ ಅವಳು ನನಗಾಗಿ ಚಿಲ್ಲರೆ ಹೊರುವುದು ಬೇಡ ಅಂದಳು. ಬೆಳಿಗ್ಗೆ ಇಸ್ತ್ರಿ ಮಾಡಿದ ಕುರ್ತಾ ಹಾಕಿಕೊಂಡು, ಫೋನನ್ನು ಪೂಜೆಯ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು ಗೇಟಿನಲ್ಲಿ ನಿಂತಳು. ಸುದ್ದಿ ನಾನು ಬಾಯಿಬಿಟ್ಟಿದ್ದರಿಂದ ಓಣಿಯ ಏಳೆಂಟು ಹೆಂಗಸರೂ ಬಂದು ನಿಂತಿದ್ದರು.

ದೇವಕಿ ಬುಟ್ಟಿ ಇಳಿಸಿದಳು. ಹೊಳೆಯುವ ಬಂಗಡೆ. ಬುಟ್ಟಿಯ ಪಕ್ಕಕ್ಕೆ ಅವಳ ಸೊಸೆ ಕಟ್ಟಿಕೊಟ್ಟ ಚೌಕವೂ ಇದೆ, ದುಡ್ಡು ಬಂದರೆ ಕೂಗಿ ಹೇಳುವ ಪೆಟ್ಟಿಗೆಯೂ ಇದೆ. ಇಂಗ್ರಿಡ್ ಬಗ್ಗಿ ಫೋನು ಹಿಡಿದಳು. ದೇವಕಿ ಫಕ್ಕನೆ ಆ ಚೌಕವನ್ನು ಅಂಗೈಯಿಂದ ಮುಚ್ಚಿಬಿಟ್ಟಳು.

“ಬ್ಯಾಡ ತಂಗಿ, ಬ್ಯಾಡ. ಇದ್ರಲ್ಲಿ ಬ್ಯಾಡ.”

ಇಂಗ್ರಿಡಳ ಮುಖ ಬಾಡಿತು. ಎಂಟು ತಿಂಗಳು ಅಲೆದು ಸಂಪಾದಿಸಿದ್ದು, ಎಲ್ಲರೆದುರು, ಒಂದು ಒದ್ದೆ ಅಂಗೈಯ ಕೆಳಗೆ ಹೋಯಿತು. ನನಗೆ ಎಲ್ಲಿತ್ತೋ ಸಿಟ್ಟು.

“ಏನು ದೇವಕಿ, ಊರವರ ಹತ್ರ ಎಲ್ಲ ಫೋನಲ್ಲಿ ತಗೊಳ್ತೆ, ಇವಳಿಗೆ ಮಾತ್ರ ಯಾಕೆ ಆಗೂದಿಲ್ಲ? ಪರದೇಶದವಳು ಅಂತನಾ?”

“ಅಯ್ಯೋ ಅಕ್ಕೋರೆ, ಎಂತಾ ಮಾತು ಆಡ್ತ್ರಿ! ಊರವ್ರು ಕೊಡೂದು ವ್ಯಾಪಾರ. ಇವ್ಳು ಕೊಡೂದು ಬೋಣಿ. ಇವ್ಳ ಕೈಂದ ಮೊದಲ್ನೇ ನೋಟು ಬಂದ ದಿನ ನನ್ನ ಬುಟ್ಟಿ ಹತ್ತು ಗಂಟೆ ಒಳಗೆ ಖಾಲಿ. ಮತ್ತೆಂತಕ್ಕೆ ಯಾರು ಕರದ್ರೂ ನಿಲ್ಲದೆ ಇಲ್ಲಿಗೆ ಓಡಿ ಬರೂದು ನಾನು? ಫೋನಲ್ಲಿ ಕೊಟ್ರೆ ದುಡ್ಡು ಬ್ಯಾಂಕಿಗೆ ಹೋತದೆ. ಕೈಗುಣ ಎಲ್ಲಿಗೆ ಬತ್ತದೆ?”

ಕೈಗುಣ ಎಂಬ ಮಾತನ್ನು ನಾನು ಇಂಗ್ರಿಡ್‌ಗೆ ಕಲಿಸಿರಲಿಲ್ಲ. ನಿನ್ನ ಕೈಯಲ್ಲಿ ಒಳ್ಳೆಯದು ಇದೆ, ಅದರಿಂದ ಶುರುವಾದ ದಿನ ಚೆನ್ನಾಗಿರುತ್ತದೆ ಎಂದು ಹೇಳಿದೆ. ಅವಳು ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಕೆಸರಿನಲ್ಲಿ ಚಿಪ್ಪು ಹೆಕ್ಕಿ ಹೆಕ್ಕಿ ಗೀರುಬಿದ್ದ ಅಂಗೈ. ಆಮೇಲೆ ನಗಲು ಹೊರಟು ಅತ್ತಳು, ಅಳುತ್ತಲೇ ನಕ್ಕಳು, ಮೇಲಕ್ಕೆ ಓಡಿಹೋಗಿ ಚರ್ಮದ ಪರ್ಸು ತಂದಳು. ದೇವಕಿ ನೋಟನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಬುಟ್ಟಿಗೆ ಮುಟ್ಟಿಸಿ, ಅದೇ ಮೀನಿನ ಕೈಯನ್ನು ಇಂಗ್ರಿಡಳ ತಲೆಯ ಮೇಲೆ ಇಟ್ಟಳು. ಇಸ್ತ್ರಿ ಮಾಡಿದ ಕುರ್ತಾದ ಗತಿ ಹೇಳುವುದಿಲ್ಲ.

“ಈಗ ಫೋನಲ್ಲಿ ಎಷ್ಟು ಬೇಕಾದ್ರೂ ತಗೋ ಮಗಾ,” ಎಂದಳು ದೇವಕಿ. ಇಂಗ್ರಿಡ್ ಇನ್ನೂ ನಾಲ್ಕು ಬಂಗಡೆ ತೆಗೆದುಕೊಂಡು ಫೋನು ಹಿಡಿದಳು. ಪೆಟ್ಟಿಗೆ ಪೇಟೆಯ ಹೆಂಗಸಿನ ದನಿಯಲ್ಲಿ ದುಡ್ಡು ಬಂತೆಂದು ಸಾರಿತು. ಓಣಿಯೆಲ್ಲ ಚಪ್ಪಾಳೆ ಹೊಡೆಯಿತು. ಆ ಖುಷಿಗೆ ಎಲ್ಲರೂ ಕೊಂಡು ಕೊಂಡು, ಬುಟ್ಟಿ ನಮ್ಮ ಗೇಟಿನಲ್ಲೇ ಖಾಲಿಯಾಯಿತು. ಹತ್ತು ಗಂಟೆ ಏನು, ಎಂಟೂವರೆಯೂ ಆಗಿರಲಿಲ್ಲ. ದೇವಕಿ ಖಾಲಿ ಬುಟ್ಟಿಯನ್ನು ನನ್ನ ಕಡೆ ಸ್ವಲ್ಪ ವಾಲಿಸಿ ತೋರಿಸಿದಳು, ಅಷ್ಟೇ.

ನೀವು ಯಾರಿಗೂ ಹೇಳುವುದಿಲ್ಲವಾದರೆ ಇನ್ನೊಂದು ಮಾತು. ಮರುದಿನ ನಾನೂ ಒಂದು ಗರಿಗರಿ ನೋಟು ಹಿಡಿದು, ಇಂಗ್ರಿಡ್ ಏಳುವ ಮೊದಲೇ ಗೇಟಿಗೆ ಹೋಗಿ ನಿಂತೆ. ಮೂವತ್ತೊಂದು ವರ್ಷ ಸೀಮೆಸುಣ್ಣ ಹಿಡಿದ ಕೈಯಲ್ಲಿ ಏನಾದರೂ ಇದ್ದೇ ಇರಬೇಕಲ್ಲ. ದೇವಕಿ ನೋಟು ನೋಡಿದಳು, ನನ್ನ ಮುಖ ನೋಡಿದಳು, ಬಹಳ ಮರ್ಯಾದೆಯಿಂದ ಬುಟ್ಟಿಯ ಮೇಲಿನ ಬಟ್ಟೆಯನ್ನು ಎಳೆದುಕೊಂಡಳು.

“ನಿಮ್ಮ ಕೈ ಸಾಲೆಗೆ ಚಲೋ, ಅಕ್ಕೋರೆ. ಬುಟ್ಟಿಗೆ ಆಗೂದಿಲ್ಲ. ನೀವು ಆಮೇಲೆ ಫೋನಲ್ಲೇ ಕೊಡಿ.”

ಅಂದಿನಿಂದ ನಮ್ಮ ಮನೆಯಲ್ಲಿ ಹೊಸ ಕ್ರಮ. ಬುಟ್ಟಿ ಗೇಟಿಗೆ ಬಂದ ಕೂಡಲೇ ನಾನು ಫೋನು ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತೇನೆ: “ಇಂಗ್ರಿಡ್, ಬೇಗ ಇಳಿದು ಬಾರೇ! ನೀನು ಬರದೆ ನನಗೆ ಮೀನು ಸಿಗೂದಿಲ್ಲ!” ಅವಳು ನಿಧಾನವಾಗಿ, ಕಣ್ಣುಜ್ಜಿಕೊಳ್ಳುತ್ತ, ಪರ್ಸು ಹಿಡಿದು ಇಳಿದು ಬರುತ್ತಾಳೆ.