ಉಳಿದ ಎರಡು ಭಾಗ

ಎರಡು ಚಕ್ರಗಳ ಮೇಲೆ ಕುಳಿತು ಹೊಟ್ಟೆ ಹೊರೆಯುವ ಮಂದಿಯನ್ನು, ಅಂದರೆ ಅಂಚೆ ಹಂಚುವವರನ್ನೂ ಔಷಧ ಮುಟ್ಟಿಸುವವರನ್ನೂ ಸಂಚಾರ ಪೊಲೀಸರನ್ನೂ ಒಟ್ಟಿಗೆ ನಿಲ್ಲಿಸಿ, ನಿಮಗೆ ಗಾಡಿ ಕಲಿಸಿದವರು ಯಾರು ಎಂದು ಕೇಳಿದರೆ ನಮ್ಮ ಊರಿನಲ್ಲಿ ಹತ್ತರಲ್ಲಿ ಏಳು ಮಂದಿ ಒಬ್ಬರನ್ನೇ ತೋರಿಸುತ್ತಾರೆ. ಮೂವತ್ತಾರು ವರ್ಷಗಳ ಹಿಂದೆ ನಮ್ಮ ಮೋಟಾರ್‌ಸೈಕಲ್ ಚಾಲನಾ ತರಬೇತಿ ಕೇಂದ್ರಕ್ಕೆ ಸಹಾಯಕ ಬೋಧಕರಾಗಿ ಬಂದು, ಈ ತಿಂಗಳ ಕೊನೆಗೆ ಮುಖ್ಯ ಬೋಧಕರಾಗಿ ನಿವೃತ್ತರಾಗುತ್ತಿರುವ ಅವರನ್ನು ದಾಖಲೆಗಳಲ್ಲಿ ನಾವು ಏನೆಂದೇ ಬರೆದಿರಲಿ, ಬಾಯಲ್ಲಿ ಕರೆಯುವುದು ಮಾತ್ರ ಪೆನ್ಸಿಲ್ ಮೇಷ್ಟ್ರು ಎಂದು. ಅವರ ಎದುರಿಗೇ ಹಾಗೆ ಕರೆಯುವ ಸಲಿಗೆ ನನಗೊಬ್ಬನಿಗೇ ಇದೆ ಎಂದು ಬಹಳ ಕಾಲ ನಂಬಿದ್ದೆ. ಅವರ ಈ ಅಭಿನಂದನ ಗ್ರಂಥಕ್ಕೆ ಬಂದ ಲೇಖನಗಳನ್ನು ಓದುವಾಗ, ಅದೇ ನಂಬಿಕೆ ಇನ್ನೂ ಇಪ್ಪತ್ತೊಂದು ಮಂದಿಗೆ ಇರುವುದು ತಿಳಿಯಿತು.

ನನ್ನ ಲೇಖನದಲ್ಲಿ ಮೇಷ್ಟ್ರು ಒಂದು ಪರೀಕ್ಷೆಯಲ್ಲಿ ಫೇಲಾದ ಸಂಗತಿ ಬರುತ್ತದೆ. ಫೇಲು ಮಾಡಿದವನು ನಾನೇ. ಅಭಿನಂದನ ಗ್ರಂಥದಲ್ಲಿ ಅದೆಲ್ಲ ಶೋಭಿಸುತ್ತದೆಯೇ ಎಂದು ಸಂಪಾದಕ ಸಮಿತಿಯವರು ಮುಖ ಹಿಂಡಿದ್ದರಿಂದ ಮೇಷ್ಟ್ರನ್ನೇ ಕೇಳಿದೆ. "ಅದನ್ನ ಬಿಟ್ರೆ ಉಳಿಯೋದು ಬರೀ ಹೊಗಳಿಕೆ. ಅದನ್ನೇ ಬರಿ" ಎಂದರು. ಅವರ ಅಪ್ಪಣೆಯಾದ ಮೇಲೆ ಸಮಿತಿಯವರದೇನೂ ನಡೆಯಲಿಲ್ಲ.

ಮೊದಲು ಪೆನ್ಸಿಲ್ಲಿನ ವಿಷಯ ಹೇಳಬೇಕು. ಮೇಷ್ಟ್ರ ಬಳಿ ಒಂದು ಹಳೆಯ ಟು-ಸ್ಟ್ರೋಕ್ ಮೋಟಾರ್‌ಸೈಕಲ್ ಇದೆ. ಎರಡು ಸಿಲಿಂಡರು, ಎರಡು ಸೈಲೆನ್ಸರು, ಮೊಣಕಾಲು ಒತ್ತಿ ಒತ್ತಿ ಬಣ್ಣ ಸವೆದ ಉದ್ದನೆಯ ಟ್ಯಾಂಕು. ಅವರ ಹರೆಯದ ಕಾಲಕ್ಕೆ ರಸ್ತೆಯಲ್ಲಿ ಅದಕ್ಕಿಂತ ಚುರುಕಿನ ಗಾಡಿ ಇರಲಿಲ್ಲವಂತೆ. ಶಕ್ತಿ ಮೂವತ್ತು ಅಶ್ವಶಕ್ತಿ. ಇವತ್ತು ಯಾರ ಮುಂದಾದರೂ ಹೇಳಿದರೆ ಪಾಪ ಎನ್ನುತ್ತಾರೆ. ಆದರೆ ಅದರ ಸ್ವಭಾವವೇ ಬೇರೆ. ಒಂದು ವೇಗದವರೆಗೆ ಸಾಧುಪ್ರಾಣಿ, ಅದನ್ನು ದಾಟಿತೋ, ಮಧ್ಯಾಹ್ನದ ನಿದ್ದೆಯಿಂದ ಯಾರೋ ಎಬ್ಬಿಸಿದವರ ಹಾಗೆ ಒಮ್ಮೆಲೇ ಕಿರುಚಿಕೊಂಡು ಮುಂದಕ್ಕೆ ನೆಗೆಯುತ್ತದೆ. ಮದುವೆಯಾದ ಹೊಸದರಲ್ಲಿ ಮೇಷ್ಟ್ರು ತಮ್ಮ ಪತ್ನಿಯ ಮುಂದೆ ಈ ಗಾಡಿಯ ಪ್ರತಾಪವನ್ನು ಬಣ್ಣಿಸಿದ್ದೇ ಬಣ್ಣಿಸಿದ್ದು. ಆಕೆ ಒಂದು ಕಟ್ಟಡ ನಿರ್ಮಾಣ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವರು. ಅಳತೆಯಿಲ್ಲದ ಮಾತು ಅವರಿಗೆ ಆಗುವುದಿಲ್ಲ. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತೇವೆ. ಅಕ್ಕ ಪೆನ್ಸಿಲ್ಲಿನ ಒಂದು ತುಂಡನ್ನು ರಬ್ಬರ್ ಬ್ಯಾಂಡಿನಿಂದ ಆಕ್ಸಿಲರೇಟರಿನ ಹಿಡಿಗೆ ಬಿಗಿದು, ಅದರ ಮೊನೆ ತಾಗುವಂತೆ ಪಕ್ಕದ ಅಲುಗಾಡದ ಭಾಗಕ್ಕೆ ಒಂದು ಕಾಗದದ ಪಟ್ಟಿ ಅಂಟಿಸಿದರಂತೆ. ಹಿಡಿ ತಿರುಗಿದಷ್ಟೂ ಗೆರೆ ಬೀಳಬೇಕು. ಒಂದು ವಾರ ಬಿಟ್ಟು ಬಿಚ್ಚಿ ನೋಡಿದರೆ ಗೆರೆ ಮೂರರಲ್ಲಿ ಒಂದು ಭಾಗ ದಾಟಿರಲಿಲ್ಲ.

"ಉಳಿದ ಎರಡು ಭಾಗ ಯಾರಿಗೆ ಇಟ್ಟಿದೀರಿ?" ಎಂದು ಅಕ್ಕ ಕೇಳಿದರಂತೆ. ಈ ಪ್ರಶ್ನೆಗೆ ತಮ್ಮ ಬಳಿ ಉತ್ತರವಿಲ್ಲ ಎಂದು ಮೇಷ್ಟ್ರು ಪ್ರತಿ ತಂಡದ ಮೊದಲ ದಿನದ ಪಾಠದಲ್ಲಿ ನಗುತ್ತಾ ಒಪ್ಪಿಕೊಳ್ಳುತ್ತಿದ್ದರು. ಹೆಂಡತಿಯ ಕೈಯಲ್ಲಿ ಸೋತದ್ದನ್ನೇ ಪಾಠ ಮಾಡಿಕೊಂಡ ಬೇರೊಬ್ಬ ಬೋಧಕರನ್ನು ನಾನು ಕಂಡಿಲ್ಲ.

ಇಪ್ಪತ್ತೆರಡು ವರ್ಷಗಳ ಹಿಂದೆ ನಾನು ಅಂಚೆ ಸವಾರನಾಗಿ ತರಬೇತಿಗೆ ಬಂದಾಗ ನನ್ನ ಮೂಗಿನ ತುದಿಯಲ್ಲೇ ಕೋಪವಿತ್ತು. ಎರಡನೆಯ ದಿನವೇ ಹೋಗಿ, "ಸರ್, ಈ ಗಾಡೀಲಿ ದಮ್ಮೇ ಇಲ್ಲ, ಬೇರೆ ಕೊಡಿ" ಎಂದೆ. ಮೇಷ್ಟ್ರು ಜಗಳಕ್ಕೆ ಬರಲಿಲ್ಲ. ಜೇಬಿನಿಂದ ಪೆನ್ಸಿಲ್ ತುಂಡು ತೆಗೆದು ಕಟ್ಟಿದರು. ವಾರದ ಮೇಲೆ ನನ್ನ ಗೆರೆ ಅರ್ಧವನ್ನೂ ಮುಟ್ಟಿರಲಿಲ್ಲ. ಮೇಲಾಗಿ ಅದರ ಬುಡದಲ್ಲಿ ಒಂದು ದೊಡ್ಡ ಕಪ್ಪು ಮಚ್ಚೆ. ಅದೇನೆಂದು ಕೇಳಿದೆ.

"ತಿರುವು ಬಂದಾಗೆಲ್ಲ ಹಿಡಿ ಪೂರ್ತಿ ಬಿಟ್ಟುಬಿಡ್ತೀಯ. ಭಯ ಇರೋ ಕಡೆ ಗೆರೆ ದಪ್ಪ ಆಗುತ್ತೆ. ಗಾಡಿ ದೊಡ್ಡದಾದ್ರೆ ಮಚ್ಚೆ ದೊಡ್ಡದಾಗುತ್ತೆ, ಅಷ್ಟೆ."

ನನಗೆ ಭಯವೇ ಎಂದು ಒಳಗೊಳಗೇ ಕುದಿದೆ. ಅದೇ ವರ್ಷ ಅವರ ಮಾತು ಸುಳ್ಳು ಮಾಡಲಿಕ್ಕೆಂದೇ ಗೆಳೆಯನೊಬ್ಬನ ದೊಡ್ಡ ಗಾಡಿ ಹತ್ತಿ, ಹೊರವರ್ತುಲ ರಸ್ತೆಯ ತಿರುವಿನಲ್ಲಿ ಬಿದ್ದು ಭುಜದ ಮುಂದಿನ ಎಲುಬು ಮುರಿದುಕೊಂಡೆ. ಆಸ್ಪತ್ರೆಗೆ ಬಂದ ಮೇಷ್ಟ್ರನ್ನು ನಮ್ಮಮ್ಮ ಬಾಗಿಲಲ್ಲೇ ತಡೆದು ತರಾಟೆಗೆ ತೆಗೆದುಕೊಂಡರು. "ನೀವು ಇವನಿಗೆ ಗಾಡಿ ಓಡ್ಸೋದು ಕಲಿಸಿದ್ರೋ, ಹಾರೋದು ಕಲಿಸಿದ್ರೋ?"

"ಹಾರೋದು ಅವನಾಗೇ ಕಲ್ತ, ಅಮ್ಮಾ. ಇಳಿಯೋದು ನಾನು ಹೇಳಿಕೊಡಬೇಕಿತ್ತು. ತಪ್ಪು ನಂದು" ಎಂದು ಮೇಷ್ಟ್ರು ತಲೆ ತಗ್ಗಿಸಿದರು. ತಮ್ಮದಲ್ಲದ ತಪ್ಪನ್ನು ಅಷ್ಟು ಸಲೀಸಾಗಿ ಹೊತ್ತವರ ಮುಂದೆ ಅಮ್ಮನ ಸಿಟ್ಟು ನಿಲ್ಲಲಿಲ್ಲ. ಆಮೇಲೆ ಎರಡು ತಿಂಗಳು, ವಾರಕ್ಕೆ ಮೂರು ದಿನ, ನನ್ನನ್ನು ವ್ಯಾಯಾಮ ಚಿಕಿತ್ಸೆಗೆ ಕರೆದೊಯ್ದವರು ಅವರೇ, ಅದೇ ಹಳೆಯ ಗಾಡಿಯ ಹಿಂದಿನ ಸೀಟಿನಲ್ಲಿ. ರಸ್ತೆಯಲ್ಲಿ ಸಣ್ಣ ಉಬ್ಬು ಬಂದರೂ ಹತ್ತು ಮಾರು ಮೊದಲೇ "ಉಬ್ಬು" ಎಂದು ಹೇಳುತ್ತಿದ್ದರು. ನಾನು ಅವರ ಭುಜ ಹಿಡಿದುಕೊಳ್ಳುತ್ತಿದ್ದೆ. ಗಾಡಿ ಕುಂಟುತ್ತಾ ಉಬ್ಬು ದಾಟುತ್ತಿತ್ತು. ಮೂವತ್ತು ಅಶ್ವಶಕ್ತಿಯಲ್ಲಿ ಒಂದೋ ಎರಡೋ ಸಾಕು ಒಬ್ಬನನ್ನು ನೋವಾಗದಂತೆ ಕರೆದೊಯ್ಯಲು ಎಂದು ನಾನು ಕಲಿತದ್ದು ಆ ಸೀಟಿನ ಮೇಲೆ. ತರಬೇತಿ ಮುಗಿದು ಕೆಲವು ವರ್ಷ ಅಂಚೆ ಹಂಚಿ, ಬೋಧಕನಾಗಲು ಇಲ್ಲಿಗೇ ಮರಳಿ ಬಂದದ್ದು ಆ ಋಣಕ್ಕೆ.

ಹಳೆಯ ಗಾಡಿಯ ಮೋಹದಲ್ಲಿ ಮೇಷ್ಟ್ರು ಹೊಸತನ್ನು ಹಳಿಯುತ್ತಿದ್ದರು ಎಂದು ಯಾರಾದರೂ ತಿಳಿದರೆ ತಪ್ಪಾಗುತ್ತದೆ. ಏಳು ವರ್ಷಗಳ ಹಿಂದೆ ಕೇಂದ್ರಕ್ಕೆ ಸುಮಾರು ಇನ್ನೂರು ಅಶ್ವಶಕ್ತಿಯ ಎರಡು ಭಾರಿ ಗಾಡಿಗಳು ಬಂದಾಗ, ನಾವು ಬೋಧಕರೆಲ್ಲ ಮದುಮಕ್ಕಳನ್ನು ನೋಡಲು ಹೋದವರ ಹಾಗೆ ಸುತ್ತ ನಿಂತೆವು. ಮೇಷ್ಟ್ರು ನೇರವಾಗಿ ಒಂದರ ಬ್ರೇಕಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಇಂಥದ್ದು ನಮ್ಮ ಕಾಲದಲ್ಲಿ ಇದ್ದಿದ್ದರೆ ಇಬ್ಬರು ಗೆಳೆಯರು ಇವತ್ತು ಇರುತ್ತಿದ್ದರು ಎಂದರು. ಆಮೇಲೆ ಪೆನ್ಸಿಲ್ ಕಟ್ಟಿದರು. ಒಂದು ತಿಂಗಳು ನಾವೆಲ್ಲ ಸರದಿಯ ಮೇಲೆ ಓಡಿಸಿದ್ದಕ್ಕೆ ಬಿದ್ದ ಗೆರೆ ಒಂದು ಅಕ್ಕಿಕಾಳಿನಷ್ಟು. "ಹಳೇ ಗಾಡಿ ಒಳ್ಳೇದು ಅಂತ ನಾನು ಹೇಳಲ್ಲ. ನಂದರ ಬ್ರೇಕ್ ಹಿಡಿದ್ರೆ ನಿಲ್ಲೋದು ಬಿಡೋದು ಅದರಿಷ್ಟ. ಆದ್ರೆ ಅದರಲ್ಲಿ ಏನಿದೆ ಅಂತ ನಂಗೊತ್ತು, ನನ್ನಲ್ಲಿ ಏನಿದೆ ಅಂತ ಅದಕ್ಕೊತ್ತು" ಎಂದು ಅವರು ಹೇಳಿದ ಮಾತನ್ನು ನಾನು ಅಂದೇ ಬರೆದಿಟ್ಟುಕೊಂಡೆ.

ಇನ್ನು ಆ ಪರೀಕ್ಷೆ. ಐವತ್ತೈದು ದಾಟಿದ ಬೋಧಕರು ವರ್ಷಕ್ಕೊಮ್ಮೆ ಕಿರಿಯ ಸಹೋದ್ಯೋಗಿಯ ಮುಂದೆ ಗಾಡಿ ಓಡಿಸಿ ತೋರಿಸಬೇಕು, ತೇರ್ಗಡೆಯಾಗದವರು ಬೀಗದ ಕೈ ಒಪ್ಪಿಸಬೇಕು ಎಂಬ ನಿಯಮವನ್ನು ಬರೆದವರು ಮೇಷ್ಟ್ರೇ. ನಿಯಮ ಕೇಂದ್ರದ ಗಾಡಿಗಳಿಗೆ ಮಾತ್ರ. ಅವರು ತಮ್ಮ ಸ್ವಂತ ಗಾಡಿಯನ್ನೂ ಅದಕ್ಕೆ ಸೇರಿಸಿಕೊಂಡಿದ್ದರು, ಪರೀಕ್ಷೆಯನ್ನೂ ಅದರ ಮೇಲೆಯೇ ಕೊಡುತ್ತಿದ್ದರು. ನಾಲ್ಕು ವರ್ಷ ಪರೀಕ್ಷಕನಾಗಿ ನಾನು ಮಾಡಿದ ಕೆಲಸವೆಂದರೆ ಮೈದಾನದ ಬದಿಯಲ್ಲಿ ನಿಂತು ಸಂತೋಷಪಟ್ಟದ್ದು.

ಕಳೆದ ವರ್ಷ ಐದನೆಯ ಸಲ. ಬೆಳಗ್ಗೆ ಹತ್ತು ಗಂಟೆ, ಒಣಗಿದ ಮೈದಾನ. ಎಂಟರ ಆಕಾರವನ್ನೂ ಕಿರುದಾರಿಯನ್ನೂ ತುರ್ತು ನಿಲುಗಡೆಯನ್ನೂ ಮುಗಿಸಿ ಮೇಷ್ಟ್ರು ನನ್ನ ಮುಂದೆ ಬಂದು ನಿಂತರು. ಒಂದು ಕಂಬವನ್ನೂ ಬೀಳಿಸಿರಲಿಲ್ಲ. ನಾನು ಬಾಗಿ ಪೆನ್ಸಿಲ್ಲಿನ ಕಾಗದ ನೋಡಿದೆ. ಎಂದಿನ ಸಪೂರ ಗೆರೆಯ ಬದಲು, ಉದ್ದಕ್ಕೂ ಉಣ್ಣೆಯ ಎಳೆಯಂತೆ ಕೆದರಿದ ಗೆರೆ. ಗೆರೆ ಓದುವುದನ್ನು ನನಗೆ ಕಲಿಸಿದವರೇ ಎದುರಿಗಿದ್ದರು.

"ಎಂಜಿನ್ ನಡುಕ ಸರ್. ಹಳೇದಲ್ವಾ, ಬೋಲ್ಟ್ ಸಡಿಲ ಆಗಿರ್ಬೇಕು" ಎಂದೆ.

ಮೇಷ್ಟ್ರು ಎಂಜಿನ್ ಆಫ್ ಮಾಡಿದರು. ಕೈಯನ್ನು ಹಿಡಿಯ ಮೇಲೆಯೇ ಇಟ್ಟುಕೊಂಡರು. ನಿಶ್ಶಬ್ದದಲ್ಲಿ ಪೆನ್ಸಿಲ್ಲಿನ ಮೊನೆ ಕಾಗದದ ಮೇಲೆ ಸಣ್ಣಗೆ ಕೆರೆಯುತ್ತಲೇ ಇತ್ತು.

"ಎಂಜಿನ್ ನಿಂತಿದೆ, ನೋಡಪ್ಪಾ" ಎಂದರು.

ಕೆಲವು ತಿಂಗಳಿಂದ ಬಲಗೈ ನಡುಗುತ್ತಿತ್ತಂತೆ. ಜೀವಕ್ಕೆ ಅಪಾಯವಿಲ್ಲ, ಆದರೆ ಪೂರ್ತಿ ಹೋಗುವಂಥದ್ದಲ್ಲ ಎಂದು ವೈದ್ಯರು ಹೇಳಿದ್ದರಂತೆ. ಅದುವರೆಗೆ ಅಕ್ಕನಿಗೂ ಹೇಳಿರಲಿಲ್ಲ. ನನ್ನ ಕೈಯಲ್ಲಿದ್ದ ನಮೂನೆಯಲ್ಲಿ ತೇರ್ಗಡೆಗೊಂದು, ಫೇಲಿಗೊಂದು, ಎರಡು ಚೌಕಗಳಿದ್ದವು. ಯಾರೂ ನೋಡುತ್ತಿರಲಿಲ್ಲ, ಕಾಗದ ಹರಿಯಿತೆಂದು ಬರೆದು ಬೇರೆ ಅಂಟಿಸಬಹುದಿತ್ತು, ನಿವೃತ್ತಿಗೆ ಉಳಿದದ್ದು ಒಂದೇ ವರ್ಷ. ಇದನ್ನೆಲ್ಲ ನಾನು ಯೋಚಿಸಿದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ನನ್ನನ್ನು ಹಿಂದೆ ಕೂರಿಸಿಕೊಂಡು ಉಬ್ಬು ದಾಟಿಸಿದವರಿಂದ ಆ ಸೀಟನ್ನು ಕಿತ್ತುಕೊಳ್ಳಬೇಕಾಗಿತ್ತು.

"ಬರಿ. ಬರೀಲಿಲ್ಲ ಅಂದ್ರೆ ಇಷ್ಟು ವರ್ಷ ನಾನು ಗೋಡೆಗೆ ಪಾಠ ಹೇಳಿದ ಹಾಗಾಯ್ತು" ಎಂದರು ಮೇಷ್ಟ್ರು. ಬರೆದೆ. ಅವರು ಬೀಗದ ಕೈ ನನ್ನ ಅಂಗೈಯಲ್ಲಿಟ್ಟು, ಮನೆಗೆ ಬಿಡುತ್ತೇನೆ ಎಂದರೂ ಕೇಳದೆ, ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಬಸ್ ನಿಲ್ದಾಣದ ಕಡೆ ನಡೆದರು. ನಾನು ಉಪಕರಣಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಪಾಠವನ್ನು ಮಾತ್ರ ಅವರು ಒಂದು ದಿನವೂ ತಪ್ಪಿಸಲಿಲ್ಲ. ಗಾಡಿ ನಮ್ಮ ಷೆಡ್ಡಿನ ಮೂಲೆಯಲ್ಲಿತ್ತು. ಊಟದ ಬಿಡುವಿನಲ್ಲಿ ನನ್ನಿಂದ ಬೀಗದ ಕೈ ಕೇಳಿ ಪಡೆದು, ಓಡಿಸದೆ ಎಂಜಿನ್ ಬಿಗಿದು ಹಿಡಿದುಕೊಳ್ಳಬಾರದೆಂದು ಒಂದು ಕಿಕ್ ಹೊಡೆದು, ಎಣ್ಣೆ ಸುಟ್ಟ ಆ ನೀಲಿ ಹೊಗೆಯ ಮಧ್ಯೆ ಎರಡು ನಿಮಿಷ ನಿಂತು ಕೇಳಿಸಿಕೊಂಡು, ಆಫ್ ಮಾಡಿ ಬೀಗದ ಕೈ ವಾಪಸು ಕೊಡುತ್ತಿದ್ದರು. ಒಂದು ದಿನ ಊಟದ ಡಬ್ಬಿ ಕೊಡಲು ಬಂದ ಅಕ್ಕ ಇದನ್ನು ಷೆಡ್ಡಿನ ಬಾಗಿಲಿನಿಂದ ನೋಡಿದರು. ಡಬ್ಬಿಯನ್ನು ನನ್ನ ಕೈಗಿಟ್ಟು ಹೋದರು. ಮುಂದಿನ ಭಾನುವಾರ, ಕಣ್ಣಿನವರೆಗೆ ಜಾರುವ ಮೇಷ್ಟ್ರ ಹೆಲ್ಮೆಟ್ ತೊಟ್ಟುಕೊಂಡು ನಮ್ಮ ಕಚೇರಿಯ ಮುಂದೆ ಹಾಜರು.

"ಇಪ್ಪತ್ತೈದು ವರ್ಷ ಸ್ಕೂಟರ್ ಓಡ್ಸಿದೀನಿ. ಗೇರು ಕಾಲಲ್ಲಿ ಹಾಕೋದು ಒಂದು ಹೇಳಿಕೊಡಿ" ಎಂದರು. ಅವರಿಗೆ ಆಗ ಐವತ್ತೇಳು.

ಹೇಳಿಕೊಟ್ಟವರು ಮೇಷ್ಟ್ರೇ, ಮೈದಾನದ ಬದಿಯ ಕುರ್ಚಿಯಲ್ಲಿ ಕುಳಿತು. ಗಂಡಹೆಂಡಿರ ನಡುವೆ ಆ ಎರಡು ತಿಂಗಳಲ್ಲಿ ನಡೆದ ಮಾತುಕತೆಯನ್ನು ಈ ಗ್ರಂಥದ ಘನತೆಯ ದೃಷ್ಟಿಯಿಂದ ಇಲ್ಲಿ ಬರೆಯುತ್ತಿಲ್ಲ. ಪರೀಕ್ಷೆಯ ದಿನ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು, "ನನ್ನ ಹೆಂಡ್ತಿ ಅಂತ ಬಿಡಬೇಡ" ಎಂದರು. ಬಿಡಲಿಲ್ಲ. ತಿರುಗುವ ಮೊದಲು ಹಿಂದೆ ನೋಡಲಿಲ್ಲವೆಂದು ಫೇಲು ಮಾಡಿದೆ. ಹದಿನೈದು ದಿನ ಅವರ ಮನೆಯಲ್ಲಿ ನನಗೆ ಕಾಫಿ ಹುಟ್ಟಲಿಲ್ಲ. ಎರಡನೆಯ ಸಲ ಅಕ್ಕ ತೇರ್ಗಡೆಯಾದರು. ಬೀಗದ ಕೈಯನ್ನು ಅವರ ಕೈಗೆ ಕೊಟ್ಟು, ಹಳೆಯ ಗಾಡಿಗೆ ಪೆನ್ಸಿಲ್ ಕಟ್ಟಿ, ಮೈದಾನದ ಉದ್ದನೆಯ ನೇರದಲ್ಲಿ ಒಬ್ಬರನ್ನೇ ಬಿಟ್ಟೆವು. ಅರ್ಧ ದಾರಿಯಲ್ಲಿ ಎಂಜಿನ್ನಿನ ಆ ಕಿರುಚು ಕೇಳಿಸಿತು. ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತರು.

ಬಂದು ನಿಂತ ಮೇಲೆ ನೋಡಿದರೆ, ಮೂವತ್ತಾರು ವರ್ಷಗಳಲ್ಲಿ ಯಾರೂ ಎಳೆಯದ ಗೆರೆ, ಪಟ್ಟಿಯ ಈ ತುದಿಯಿಂದ ಆ ತುದಿಗೆ.

"ಏನೇ ಇದು, ಪೂರ್ತಿ!" ಎಂದರು ಮೇಷ್ಟ್ರು.

"ಉಳಿದ ಎರಡು ಭಾಗ ಇಷ್ಟು ವರ್ಷ ಹಾಗೇ ಇಟ್ಟಿದ್ರಲ್ಲ. ಹಾಳಾಗೋದು ಬೇಡ ಅಂತ ತೆಗೆದೆ. ಬನ್ನಿ, ಕೂತ್ಕೊಳ್ಳಿ, ಮನೆಗೆ ಹೋಗೋಣ."

ಜೀವನದಲ್ಲಿ ಆ ಗಾಡಿಯ ಹಿಂದಿನ ಸೀಟಿನಲ್ಲಿ ಕುಳಿತವರಲ್ಲ ಮೇಷ್ಟ್ರು; ಕಾಲು ಎಲ್ಲಿಡಬೇಕೆಂದು ನನ್ನನ್ನು ಕೇಳಿದರು. ಎರಡೂ ಕೈಗಳನ್ನು ಅಕ್ಕನ ಭುಜದ ಮೇಲಿಟ್ಟರು. ನಾನು ಕೇಂದ್ರದ ಗಾಡಿಯಲ್ಲಿ ಅವರ ಹಿಂದೆಯೇ ಹೋದೆ. ಕಾಲ್ನಡಿಗೆಯವರು ನಮ್ಮನ್ನು ದಾಟಿ ಹೋಗುವಷ್ಟು ನಿಧಾನ. ಪ್ರತಿ ಉಬ್ಬಿಗೂ ಮೊದಲು ಅಕ್ಕ ತಲೆಯನ್ನು ತುಸು ಹಿಂದಕ್ಕೆ ವಾಲಿಸಿ ಏನೋ ಹೇಳುತ್ತಿದ್ದರು. ಏನೆಂದು ನನಗೆ ಕೇಳಿಸಬೇಕಾಗಿರಲಿಲ್ಲ. ಮನೆಯ ಮುಂದೆ ಎಂಜಿನ್ ನಿಂತಿತು. ಮೇಷ್ಟ್ರು ಕೈ ತೆಗೆಯಲಿಲ್ಲ, ಅಕ್ಕನೂ ಇಳಿಯಲು ಅವಸರ ಮಾಡಲಿಲ್ಲ. ಆಮೇಲೆ, ಮೇಷ್ಟ್ರು ಗೇಟು ತೆಗೆಯಲು ಹೋದಾಗ, ತಡೆಯಲಾರದೆ ಅಕ್ಕನನ್ನು ಮೆಲ್ಲಗೆ ಕೇಳಿದೆ, ದಾರಿಯುದ್ದಕ್ಕೂ ಕೈ ನಡುಗುತ್ತಿತ್ತೇ ಎಂದು.

"ಎಂಜಿನ್ ನಡುಕ ಇರ್ಬೇಕು ಬಿಡು" ಎಂದರು ಅಕ್ಕ.

ನಿವೃತ್ತಿಯ ನಂತರವೂ ವಾರಕ್ಕೆರಡು ದಿನ ಬಂದು ಹೊಸಬರ ಗೆರೆಗಳನ್ನು ಓದಿ ಹೇಳುವುದಾಗಿ ಮೇಷ್ಟ್ರು ಒಪ್ಪಿದ್ದಾರೆ. ಹಿಂದಿನ ಸೀಟಿನಲ್ಲಿ ಬರುತ್ತಾರೆ, ಹಿಂದಿನ ಸೀಟಿನಲ್ಲಿ ಹೋಗುತ್ತಾರೆ. ಅವರಿಗೆ ನೂರು ವರ್ಷ ತುಂಬಲಿ. ಅಷ್ಟು ದೀರ್ಘ ದಾರಿಯಲ್ಲಿ ಉಬ್ಬುಗಳೇ ಇರದಿರಲಿ ಎಂದು ಹಾರೈಸಿದರೆ ಅವರೇ ನಕ್ಕುಬಿಡುತ್ತಾರೆ. ಉಬ್ಬು ಇರಲಿ. ಹತ್ತು ಮಾರು ಮೊದಲೇ ಹೇಳುವ ಆ ದನಿ ಅವರ ಮುಂದೆ ಸದಾ ಇರಲಿ.